ಬ್ಲಡ್ ಆ್ಯಂಡ್ ಐರನ್
ಬಳ್ಳಾರಿ ಹಾಗೂ ಆಂಧ್ರಪ್ರದೇಶದ ಗಡಿಭಾಗದ ಕಬ್ಬಿಣದ ಅದಿರು ಗಣಿಗಾರಿಕೆಯಲ್ಲಿ ರಾಜಕಾರಣ, ವ್ಯಾಪಾರ, ಅಪರಾಧಗಳು ಕೂಡಿಕೊಂಡ ಬಗೆಯನ್ನು ಶೋಧಿಸುವ ಇಂಗ್ಲಿಷ್ ತನಿಖಾ ಸಾಕ್ಷ್ಯಚಿತ್ರ. ನಿರ್ದೇಶಕರು ಪತ್ರಕರ್ತ ಪರಂಜಯ್ ಗುಹಾ ಠಾಕುರ್ತಾ, ಕಾಲ 2010–11.

ಹಿನ್ನೆಲೆ: 2000ದ ದಶಕದಲ್ಲಿ ಚೀನಾದ ಉಕ್ಕಿನ ಬೇಡಿಕೆಯಿಂದ ಅದಿರಿನ ಬೆಲೆ ಜಿಗಿಯಿತು. ಬಳ್ಳಾರಿಯ ಗಣಿಗಳು ಹೆಚ್ಚಾಗಿ ಖಾಸಗಿ ಗುತ್ತಿಗೆಗೆ ಸೇರಿದ್ದವು. ಗುತ್ತಿಗೆಯ ಗಡಿ ಮೀರಿ ಅರಣ್ಯದಲ್ಲಿ ಅಗೆತ, ಪರ್ಮಿಟ್ ಇಲ್ಲದ ಸಾಗಣೆ, ಮಿತಿಮೀರಿ ತುಂಬಿದ ಲಾರಿಗಳು ಅಕ್ರಮದ ಮುಖ್ಯ ರೂಪಗಳು. ಅರಣ್ಯ ಇಲಾಖೆ 2010ರಲ್ಲಿ ಅಂಕೋಲಾ ಬಳಿಯ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಅದಿರು ಅಲ್ಲಿಂದಲೇ ಮಾಯವಾಯಿತು. ಇಡೀ ಹಗರಣದಲ್ಲಿ ಇಷ್ಟು ನಿರ್ಲಜ್ಜವಾದ ಪ್ರಕರಣ ಇನ್ನೊಂದಿಲ್ಲ.

ಮಹತ್ವ: ಚಿತ್ರ ಬಂದ ಹೊತ್ತಿನಲ್ಲೇ, 2011ರ ಜುಲೈ 27ರಂದು ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ಅಂತಿಮ ವರದಿ ಸಲ್ಲಿಸಿ ಬೊಕ್ಕಸದ ನಷ್ಟವನ್ನು ಸುಮಾರು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿದರು. ಎರಡೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ನೀಡಿತು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಜುಲೈ 31ರಂದು ರಾಜೀನಾಮೆ ಕೊಟ್ಟರು; ಗಣಿ ಸಂಬಂಧಿತ ಲಂಚ ಪ್ರಕರಣದಲ್ಲಿ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು.