ಬಿಡುವವರು ಯಾರು?

ಹೆಗ್ಗಡದೇವನಕೋಟೆಯ ಸೀಮೆಯಲ್ಲಿ, ಬಂಡೀಪುರದ ಅರಣ್ಯವು ಹೊಲಗಳ ಅಂಚನ್ನು ಮುಟ್ಟುವಷ್ಟು ಸಮೀಪಕ್ಕೆ ಬರುವಲ್ಲಿ, ಎನ್. ಬೇಗೂರು ಇದೆ. ಅಂತಹ ಊರಿನಿಂದ ಮೈಸೂರಿಗೆ ಹೋಗಿ, ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿಯನ್ನು ಪಡೆದು ಹಿಂದಿರುಗಿದ ತರುಣನು, ಹೊರದೇಶದ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರಾಗಬೇಕೆಂಬ ತನ್ನ ಆಸೆಯನ್ನು ಮನೆಯ ಜಗಲಿಯ ಮೇಲೆ ಕುಳಿತು ಹೇಳಿಕೊಂಡನಾದರೆ, ತಾಯಿ ಕೇಳುವ ಮೊದಲ ಪ್ರಶ್ನೆ ಸಂಬಳದ್ದಲ್ಲ. “ಅಷ್ಟು ದೂರಕ್ಕೆ ನಿನ್ನ ಬಿಡೋರು ಯಾರಪ್ಪ?” ಎಂದು ಆಕೆ ಕೇಳುತ್ತಾಳೆ. ಸರಳವಾಗಿ ತೋರುವ ಈ ಮಾತಿನಲ್ಲಿ ನಮ್ಮ ನಾಡಿನ ಒಂದೂವರೆ ಶತಮಾನದ ಚರಿತ್ರೆಯು ಅಡಗಿದೆ. ಕಡಲನ್ನು ದಾಟಿ ಪಾಠ ಹೇಳಲು ಹೊರಟವನಿಗೆ ವಿದ್ಯೆಯೊಂದೇ ಎಂದೂ ಸಾಲಲಿಲ್ಲ. ಅವನನ್ನು ಬಿಡುವವರು ಬೇಕಾಗಿದ್ದರು. ಆ ಬಿಡುವವರು ಮಾತ್ರ ಕಾಲಕಾಲಕ್ಕೆ ಬೇರೆಯಾದರು.

ಮೊದಲು ಬಿಡಬೇಕಾಗಿದ್ದುದು ಕುಲ. ಹತ್ತೊಂಬತ್ತನೆಯ ಶತಮಾನವು ಮುಗಿಯುವವರೆಗೂ, ಇಂಗ್ಲಿಷ್ ವಿದ್ಯೆಗೆ ಮೊದಲು ಕೈಚಾಚಿದ ಮನೆತನಗಳಲ್ಲಿಯೇ ಸಮುದ್ರಯಾನವು ನಿಷಿದ್ಧವೆಂದು ಗಣಿತವಾಗಿದ್ದಿತು. ಹೋಗಿ ಬಂದವನು ಪ್ರಾಯಶ್ಚಿತ್ತವನ್ನು ಮಾಡಿಕೊಂಡು ಪಂಚಗವ್ಯವನ್ನು ಸೇವಿಸಿದ ಹೊರತು ಪಂಕ್ತಿಯಲ್ಲಿ ಎಲೆ ಹಾಕುತ್ತಿರಲಿಲ್ಲ. 1888ರಲ್ಲಿ ಇಂಗ್ಲೆಂಡಿಗೆ ಹೊರಟು ನಿಂತ ಗಾಂಧೀಜಿಯವರನ್ನು ಅವರ ಜಾತಿಯ ಪಂಚಾಯಿತಿಯು ಬಹಿಷ್ಕರಿಸಿದ ಸಂಗತಿಯನ್ನು ಎಲ್ಲರೂ ಬಲ್ಲರು. ಮೈಸೂರಿನಲ್ಲಿ ಈ ಕಟ್ಟು ಸಡಿಲಗೊಂಡುದಕ್ಕೆ ಅರಮನೆಯ ಔದಾರ್ಯವೂ ಒಂದು ಕಾರಣ. 1892ರಲ್ಲಿ ಮೈಸೂರಿಗೆ ಬಂದ ಸ್ವಾಮಿ ವಿವೇಕಾನಂದರನ್ನು ಚಾಮರಾಜೇಂದ್ರ ಒಡೆಯರು ಆದರದಿಂದ ಕಂಡು, ಅವರು ಪಶ್ಚಿಮ ದೇಶಗಳಿಗೆ ಹೋಗುವ ವಿಚಾರಕ್ಕೆ ನೆರವಿನ ಭರವಸೆಯನ್ನಿತ್ತರು. ಅವರ ಪುತ್ರರಾದ ನಾಲ್ವಡಿ ಕೃಷ್ಣರಾಜ ಒಡೆಯರು, ಆಚಾರನಿಷ್ಠೆಯಲ್ಲಿ ಯಾರಿಗೂ ಕಡಿಮೆಯಿಲ್ಲದವರು, 1936ರಲ್ಲಿ ತಾವೇ ಯೂರೋಪಿಗೆ ಪ್ರಯಾಣ ಮಾಡಿದರು. ದೊರೆಯೇ ಕಡಲು ದಾಟಿ ಬಂದ ಮೇಲೆ ಪ್ರಜೆಯನ್ನು ತಡೆಯುವ ನೈತಿಕ ಬಲವು ಕುಲದ ಹಿರಿಯರಲ್ಲಿ ಉಳಿಯುವುದು ಕಷ್ಟ.

ಆ ಕಾಲದಲ್ಲಿ ಇಂಗ್ಲಿಷ್ ಪಾಠದ ಹರಿವು ಹೊರಗಿನಿಂದ ಒಳಕ್ಕೆ ಇದ್ದಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಇಂಗ್ಲಿಷ್ ಶಾಲೆಯೇ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆಯಿತು. ವೆಸ್ಲಿಯನ್ ಮಿಷನ್ನಿನ ಪಾದ್ರಿಗಳು ಮೈಸೂರು ಸಂಸ್ಥಾನದ ಊರೂರುಗಳಲ್ಲಿ ಶಾಲೆಗಳನ್ನು ನಡೆಸಿದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಬಳಿಕವೂ ಇಂಗ್ಲಿಷ್ ಪೀಠಗಳಲ್ಲಿ ಜೆ. ಸಿ. ರಾಲೋ ಅವರಂತಹ ಆಂಗ್ಲ ಪ್ರಾಧ್ಯಾಪಕರು ವಿರಾಜಮಾನರಾಗಿದ್ದರು. ಅವರಿಂದ ಕಲಿತವರು, ಕಲಿತವರಿಂದ ಮತ್ತೆ ಕಲಿತವರು, ಒಂದೆರಡು ತಲೆಮಾರುಗಳೊಳಗಾಗಿ ಆ ಭಾಷೆಯನ್ನು ಅನ್ಯದೇಶೀಯರಿಗೆ ಬೋಧಿಸಬಲ್ಲ ಸಾಮರ್ಥ್ಯವನ್ನು ಪಡೆದರೆಂಬುದು ನಮ್ಮ ವಿದ್ಯಾಚರಿತ್ರೆಯಲ್ಲಿ ಹೆಮ್ಮೆಯಿಂದ ಬರೆದಿಡತಕ್ಕ ಸಂಗತಿ. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಹರಿವಿನ ದಿಕ್ಕು ಬದಲಾಯಿತು.

ಆಫ್ರಿಕ ಖಂಡವು ಆಗ ಮೇಷ್ಟ್ರುಗಳಿಗಾಗಿ ಕಾದಿದ್ದಿತು. 1936ರಿಂದ 1941ರವರೆಗೆ ಇಟಲಿಯ ಆಕ್ರಮಣಕ್ಕೆ ಸಿಕ್ಕಿ, ಓದಿದ ತರುಣರ ಒಂದು ಪೀಳಿಗೆಯನ್ನೇ ಕಳೆದುಕೊಂಡಿದ್ದ ಇಥಿಯೋಪಿಯವು, ಚಕ್ರವರ್ತಿ ಹೈಲೆ ಸೆಲಾಸಿಯವರು ಸಿಂಹಾಸನಕ್ಕೆ ಮರಳಿದ ಮೇಲೆ ಪ್ರೌಢಶಾಲೆಗಳನ್ನು ತೆರೆಯತೊಡಗಿ, ಅಲ್ಲಿ ಇಂಗ್ಲಿಷನ್ನೇ ಬೋಧನಮಾಧ್ಯಮವನ್ನಾಗಿ ಇರಿಸಿಕೊಂಡು, ಭಾರತದಿಂದ ಉಪಾಧ್ಯಾಯರನ್ನು ಬರಮಾಡಿಕೊಂಡಿತು. ಹಡಗು ಅರಬ್ಬೀ ಸಮುದ್ರವನ್ನು ದಾಟಿ ಜಿಬೂಟಿಯನ್ನು ಮುಟ್ಟಿದರೆ, ಅಲ್ಲಿಂದ 1917ರಲ್ಲಿ ಪೂರ್ಣಗೊಂಡ ರೈಲುಮಾರ್ಗವು ಬೆಟ್ಟಗಳನ್ನೇರಿ ಅಡಿಸ್ ಅಬಾಬದವರೆಗೆ ಹೋಗುತ್ತಿದ್ದಿತು. ಹೀಗೆ ಹೋದವರಲ್ಲಿ ಕೇರಳದವರೇ ಬಹುಸಂಖ್ಯಾತರು. ಆದರೆ ಕನ್ನಡಿಗರೂ ಇದ್ದರು. ಮಂಡ್ಯ ಜಿಲ್ಲೆಯ ಬೋಗಾದಿಯಲ್ಲಿ 1925ರಲ್ಲಿ ಜನಿಸಿ, ನವ್ಯಕಾವ್ಯದ ಮೊದಲಿಗರಲ್ಲಿ ಒಬ್ಬರೆನಿಸಿದ ಬಿ. ಸಿ. ರಾಮಚಂದ್ರ ಶರ್ಮರು ಇಥಿಯೋಪಿಯದಲ್ಲಿ ಉಪಾಧ್ಯಾಯರಾಗಿದ್ದು, ಮುಂದೆ ಇಂಗ್ಲೆಂಡಿನಲ್ಲಿಯೂ ಜಾಂಬಿಯದಲ್ಲಿಯೂ ಕೆಲಸ ಮಾಡಿದವರು. 1964ರಲ್ಲಿ ಸ್ವತಂತ್ರವಾದಾಗ ಆ ಜಾಂಬಿಯದಲ್ಲಿ ಪದವೀಧರರ ಸಂಖ್ಯೆ ನೂರರ ಆಸುಪಾಸಿನಲ್ಲಿದ್ದಿತೆಂಬುದನ್ನು ನೆನೆದರೆ, ಹೊರಗಿನಿಂದ ಬಂದ ಒಬ್ಬೊಬ್ಬ ಮೇಷ್ಟ್ರಿಗೂ ಅಲ್ಲಿದ್ದ ಬೆಲೆ ಅರ್ಥವಾದೀತು. ನೈಜೀರಿಯವು 1976ರಲ್ಲಿ ಸಾರ್ವತ್ರಿಕ ಪ್ರಾಥಮಿಕ ಶಿಕ್ಷಣವನ್ನು ಆರಂಭಿಸಿದಾಗಲೂ ಇದೇ ಬಗೆಯ ಕರೆ ಬಂದಿತು. ಅಂದು ಕರೆಯೇ ಅನುಜ್ಞೆಯಾಗಿದ್ದಿತು: ಶಾಲೆಗೆ ಮೇಷ್ಟ್ರು ಬೇಕಾಗಿದ್ದನು, ಕರಾರಿನ ಪತ್ರವನ್ನು ಆ ದೇಶದ ಸರಕಾರವೇ ಕಳುಹುತ್ತಿದ್ದಿತು, ನೆಲೆಸಿ ದುಡಿಯುವ ಅಪ್ಪಣೆಯು ಆ ಪತ್ರದ ಹಿಂದೆಯೇ ಬರುತ್ತಿದ್ದಿತು.

ಆದರೆ ಅತ್ತಲ ಬಾಗಿಲು ತೆರೆದಿದ್ದ ಆ ದಿನಗಳಲ್ಲಿ ಇತ್ತಲ ಬಾಗಿಲು ಬಿಗಿಯಾಗಿದ್ದಿತು. ಕುಲದ ಸ್ಥಾನದಲ್ಲಿ ಈಗ ಸರಕಾರವು ನಿಂತಿದ್ದಿತು. ರಹದಾರಿಯನ್ನು ಕೊಡುವುದೂ ಬಿಡುವುದೂ ಅಧಿಕಾರಿಯ ವಿವೇಚನೆಗೆ ಸೇರಿದ ವಿಷಯ. ಕೊಡದಿದ್ದರೆ ಕಾರಣವನ್ನು ಹೇಳಬೇಕೆಂಬ ಶಾಸನವಿರಲಿಲ್ಲ. ವಿದೇಶೀ ವಿನಿಮಯದ ಅಭಾವದಿಂದ ಕಂಗೆಟ್ಟಿದ್ದ ದೇಶವು, ಟಿಕೆಟ್ಟನ್ನು ಕೊಳ್ಳಲು ‘ಪಿ’ ಫಾರಂ ಎಂಬ ರಿಸರ್ವ್ ಬ್ಯಾಂಕಿನ ಅನುಮತಿಯನ್ನು ಕಡ್ಡಾಯ ಮಾಡಿದ್ದಿತು. ಕೈಯಲ್ಲಿ ಎಂಟು ಡಾಲರುಗಳನ್ನು ಮಾತ್ರ ಇಟ್ಟುಕೊಂಡು ವಿಮಾನವನ್ನೇರಿದೆವೆಂದು ಆ ಪೀಳಿಗೆಯವರು ಇಂದಿಗೂ ನೆನೆಯುತ್ತಾರೆ. ಸರಕಾರೀ ಶಾಲೆಯಲ್ಲಿ ಕೆಲಸದಲ್ಲಿದ್ದವರು ಇಲಾಖೆಯ ನಿರಾಕ್ಷೇಪಣ ಪತ್ರಕ್ಕಾಗಿ ಬೇರೆ ಅಲೆಯಬೇಕಾಗಿದ್ದಿತು.

ಈ ಬಾಗಿಲಿನ ಅಗುಳಿಯನ್ನು ಸರಿಸುವುದರಲ್ಲಿ ನಮ್ಮ ನಾಡಿನ ನ್ಯಾಯಪೀಠವು ವಹಿಸಿದ ಪಾತ್ರವನ್ನು ಕನ್ನಡಿಗರು ಮರೆಯಬಾರದು. ಹೊರದೇಶಕ್ಕೆ ಹೋಗುವ ಹಕ್ಕು ಮನುಷ್ಯನ ವೈಯಕ್ತಿಕ ಸ್ವಾತಂತ್ರ್ಯದ ಒಂದು ಅಂಗವೆಂದು ಮೈಸೂರಿನ ಉಚ್ಚ ನ್ಯಾಯಾಲಯವು 1965ರಲ್ಲಿಯೇ ಎತ್ತಿಹಿಡಿದಿದ್ದಿತು. ಮುಂಬಯಿ ಮತ್ತು ಕೇರಳದ ನ್ಯಾಯಾಲಯಗಳದೂ ಇದೇ ಅಭಿಪ್ರಾಯವಾಗಿದ್ದರೆ, ದೆಹಲಿಯದು ಇದಕ್ಕೆ ವಿರುದ್ಧವಾಗಿದ್ದಿತು. 1967ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಂವಿಧಾನದ 21ನೆಯ ವಿಧಿಯನ್ನು ಆಧಾರವಾಗಿರಿಸಿಕೊಂಡು, ಮೈಸೂರು ಹಿಡಿದ ಪಕ್ಷವನ್ನೇ ಸ್ಥಿರಪಡಿಸಿತು. ಅದೇ ವರ್ಷ ಪಾಸ್‌ಪೋರ್ಟ್ ಅಧಿನಿಯಮವು ಬಂದು, ನಿರಾಕರಣೆಗೆ ಕಾರಣಗಳು ಇಂತಿಂಥವು ಮಾತ್ರವೆಂದು ಗೊತ್ತಾಯಿತು. ಅರ್ಜಿದಾರನು ಕೃಪೆಯನ್ನು ಬೇಡುವವನಾಗಿದ್ದವನು ಹಕ್ಕನ್ನು ಕೇಳುವವನಾದನು. ಆದರೂ ಅರ್ಜಿ ಹಾಕಲು ಮೈಸೂರು ಸೀಮೆಯವರು ಬೆಂಗಳೂರಿಗೆ ಹೋಗಿ ಬರುವುದು ತಪ್ಪಿರಲಿಲ್ಲ. 2017ರ ಜನವರಿ 25ರಂದು, ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆಯನ್ನು ಒದಗಿಸುವ ದೇಶದ ಮೊದಲ ಎರಡು ಕೇಂದ್ರಗಳಲ್ಲಿ ಒಂದು ಮೈಸೂರಿನಲ್ಲಿಯೇ ತೆರೆಯಿತು. ಕಾಡಿನಂಚಿನ ಊರಿನಿಂದ ಬೆಳಗಿನ ಬಸ್ಸಿಗೆ ಹೊರಟವನು ಕೆಲಸ ಮುಗಿಸಿ ಅಂದೇ ಮನೆ ಸೇರುವಂತಾಯಿತು.

ಇತ್ತಲ ಬಾಗಿಲು ಹೀಗೆ ಸಡಿಲವಾಗುತ್ತಿದ್ದಂತೆಯೇ ಅತ್ತಲ ಬಾಗಿಲು ಬಿಗಿಯಾಯಿತು. ಮೂರನೆಯದಾದ ಈ ಅನುಜ್ಞೆ, ಪಾಠ ಹೇಳಲು ಹೋಗುವ ದೇಶದ್ದು. ದಕ್ಷಿಣ ಕೊರಿಯವು ಇಂಗ್ಲಿಷ್ ಬೋಧಕರ ವೀಸಾವನ್ನು ಬಹುಕಾಲ ಏಳೇ ದೇಶಗಳ ಪ್ರಜೆಗಳಿಗೆ ಮೀಸಲಾಗಿಟ್ಟಿದ್ದಿತು. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಗಳವರಲ್ಲದವನು ಎಷ್ಟೇ ಓದಿದ್ದರೂ ಹೊರಗಿನವನೇ. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ-ಕೊರಿಯ ಆರ್ಥಿಕ ಸಹಭಾಗಿತ್ವದ ಒಪ್ಪಂದದಿಂದ, ಪದವಿಯ ಜೊತೆಗೆ ಶಿಕ್ಷಕನ ಅರ್ಹತೆಯನ್ನೂ ಪಡೆದ ಭಾರತೀಯನಿಗೆ ಸಹಾಯಕ ಬೋಧಕನಾಗಿ ಹೋಗುವ ಒಂದು ಕಿಂಡಿ ತೆರೆಯಿತು. ಚೀನವು ಮಾತೃಭಾಷಿಕರಿಗೆ ಮೊದಲ ಮಣೆ ಹಾಕಿ, ಪದವಿಯಾದ ಮೇಲೆ ಎರಡು ವರ್ಷಗಳ ಅನುಭವವನ್ನೂ ಕೇಳುತ್ತದೆ. ಹೊಸ ಪದವೀಧರನಲ್ಲಿ ಇಲ್ಲದಿರುವುದು ಆ ಅನುಭವವೇ. ಅರಬ್ ದೇಶಗಳ ರೀತಿ ಬೇರೆ. ಅಲ್ಲಿ ವಿದ್ಯೆಗೂ ಅನುಭವಕ್ಕೂ ಮನ್ನಣೆಯುಂಟು. ಕಾಸರಗೋಡಿನ ನೆಲದಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ಇಂಗ್ಲಿಷ್ ಬೋಧಿಸಿ, ನಿವೃತ್ತಿಯ ಬಳಿಕ ಯೆಮನ್ ದೇಶದಲ್ಲಿಯೂ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಕವಿ ಕೆ. ವಿ. ತಿರುಮಲೇಶರು ಅದಕ್ಕೆ ನಿದರ್ಶನ. ಹುಟ್ಟಿದ ದೇಶವನ್ನು ನೋಡಿ ಭಾಷೆಯ ಯೋಗ್ಯತೆಯನ್ನು ಅಳೆಯುವ ನಿಯಮವು, ಹುಟ್ಟಿದ ಕುಲವನ್ನು ನೋಡಿ ಪಂಕ್ತಿಯ ಯೋಗ್ಯತೆಯನ್ನು ಅಳೆದ ಹಿಂದಿನ ನಿಯಮಕ್ಕಿಂತ ನ್ಯಾಯವಾದುದೆಂದು ನನಗೆ ತೋರುವುದಿಲ್ಲ.

ಹೊರಟವನ ಕೈಯಲ್ಲಿರುವ ಪದವಿಪತ್ರವನ್ನೇ ಒಮ್ಮೆ ಹತ್ತಿರದಿಂದ ನೋಡಬೇಕು. ಎದುರು ಮುಖದಲ್ಲಿ ವಿಶ್ವವಿದ್ಯಾನಿಲಯದ ಲಾಂಛನವೂ, ಕುಲಪತಿಗಳ ರುಜುವೂ, ಘಟಿಕೋತ್ಸವದ ತೇದಿಯೂ ಇವೆ. ಮನೆಯಲ್ಲಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದಾಗ ಕಾಣುವುದು ಆ ಮುಖ. ಪರದೇಶದ ಅಧಿಕಾರಿಯು ನೋಡುವುದು ಅದರ ಬೆನ್ನನ್ನು. ಅಲ್ಲಿ ಮೊದಲು ರಾಜ್ಯ ಸರಕಾರದ ದೃಢೀಕರಣದ ಮೊಹರು ಬೀಳಬೇಕು. ಅದನ್ನು ನಂಬಿ ವಿದೇಶಾಂಗ ಮಂತ್ರಾಲಯವು ತನ್ನ ಅಂಕಿತವನ್ನು ಹಾಕಬೇಕು. ಹೇಗ್ ಒಡಂಬಡಿಕೆಗೆ ಸೇರಿದ ದೇಶವಾದರೆ ಅಪೊಸ್ಟೀಲ್ ಎಂಬ ಸಂಖ್ಯೆಯುಳ್ಳ ಚೀಟಿಯು ಅಂಟಿದಲ್ಲಿಗೆ ಕೆಲಸ ಮುಗಿಯಿತು. ಸಂಯುಕ್ತ ಅರಬ್ ಸಂಸ್ಥಾನಗಳಂತೆ ಅದಕ್ಕೆ ಸೇರದ ದೇಶವಾದರೆ ಆ ದೇಶದ ರಾಯಭಾರ ಕಚೇರಿಯ ಮೊಹರೂ ಬೇಕು. ಭಾರತವು ಈ ಒಡಂಬಡಿಕೆಗೆ 2005ರಲ್ಲಿಯೂ, ಚೀನವು 2023ರಲ್ಲಿಯೂ ಒಳಪಟ್ಟವು. ಜೊತೆಗೆ, ಈತನ ಮೇಲೆ ಯಾವ ಮೊಕದ್ದಮೆಯೂ ಇಲ್ಲವೆಂಬ ಪೊಲೀಸರ ಪತ್ರ, ವೈದ್ಯರ ಪತ್ರ, ಶಾಲೆಯ ಕರಾರು. ಒಂದೇ ಕಾಗದದ ಬೆನ್ನಿನ ಮೇಲೆ ಒಬ್ಬರ ಮಾತಿಗೆ ಇನ್ನೊಬ್ಬರು ಜಾಮೀನಾಗಿ ನಿಲ್ಲುವ ಈ ಸಾಲಿನಲ್ಲಿ, ಒಂದು ಮೊಹರು ತಪ್ಪಿದರೂ ಮುಂದಿನದು ಬೀಳದು.

ಈ ಸಾಲು ದೀರ್ಘವಾದುದರಿಂದಲೇ ಅಡ್ಡದಾರಿಯನ್ನು ತೋರಿಸುವವರು ಹುಟ್ಟಿಕೊಂಡಿದ್ದಾರೆ. ‘ಈಗ ಪ್ರವಾಸದ ವೀಸಾದಲ್ಲಿ ಹೋಗು, ಅಲ್ಲಿ ಕೆಲಸದ ವೀಸಾಕ್ಕೆ ಬದಲಿಸಿಕೊಳ್ಳಬಹುದು’ ಎಂಬ ಮಾತನ್ನು ನಂಬಿ, ಹೊಲವನ್ನು ಭೋಗ್ಯಕ್ಕೆ ಹಾಕಿ, ಲಕ್ಷಗಟ್ಟಲೆ ಹಣವನ್ನು ಸುರಿದವರ ಸಂಕಟವನ್ನು ಬಣ್ಣಿಸಬೇಕಾಗಿಲ್ಲ. 1983ರ ಉತ್ಪ್ರವಾಸ ಅಧಿನಿಯಮವು ನೋಂದಣಿಯಾದ ಏಜೆಂಟನ ಹೊರತು ಬೇರಾರೂ ಹೊರದೇಶದ ಕೆಲಸಕ್ಕೆ ಜನರನ್ನು ಸೇರಿಸಕೂಡದೆಂದು ವಿಧಿಸಿದೆ; ನೋಂದಣಿಯಾದವನೂ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಣ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಇದಕ್ಕಿಂತ ಹೆಚ್ಚನ್ನು ಕೇಳಿದ ಕ್ಷಣದಲ್ಲಿಯೇ ಆ ಬಾಗಿಲು ಬಾಗಿಲಲ್ಲವೆಂದು ತಿಳಿಯಬೇಕು.

ಮೂರು ಅನುಜ್ಞೆಗಳ ಈ ಚರಿತ್ರೆಯಿಂದ ತಿಳಿದುಬರುವುದು ಇಷ್ಟು: ಕುಲದ ತಡೆಯನ್ನು ಸಮಾಜವು ತಾನೇ ಸಡಿಲಿಸಿತು, ಸರಕಾರದ ತಡೆಯನ್ನು ನ್ಯಾಯಾಲಯವು ಸರಿಸಿತು, ಪರದೇಶದ ತಡೆಯನ್ನು ಸಮಾಜವಾಗಲಿ ನಮ್ಮ ನ್ಯಾಯಾಲಯವಾಗಲಿ ಸರಿಸಲಾರವು, ಅಲ್ಲಿಯ ಕಿಂಡಿಯೊಳಗೆ ಹೋಗಲು ನೆರವಾಗತಕ್ಕವು ಬೋಧನೆಯ ತರಬೇತಿಯೂ ಅನುಭವವೂ ಮಾತ್ರ. ಆ ತರಬೇತಿಗಾಗಿ ದೂರ ಹೋಗಬೇಕಾಗಿಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ, ಇಂಗ್ಲಿಷ್ ಬೋಧಕರಿಗೆಂದೇ ಬೆಂಗಳೂರಿನಲ್ಲಿ ತೆರೆದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ 1963ರಿಂದಲೇ ಇವೆ. ಆದುದರಿಂದ ಎನ್. ಬೇಗೂರಿನಂತಹ ಊರುಗಳ ತರುಣ ತರುಣಿಯರಲ್ಲಿ ನನ್ನ ವಿಜ್ಞಾಪನೆ ಇದು: ಪದವಿಯಾದೊಡನೆ ಏಜೆಂಟನನ್ನು ಹುಡುಕುವ ಬದಲು ಬಿ.ಎಡ್. ಮುಗಿಸಿರಿ, ನಿಮ್ಮ ಸೀಮೆಯ ಶಾಲೆಯೊಂದರಲ್ಲಿಯೇ ಎರಡು ವರ್ಷ ಮಕ್ಕಳ ಮುಂದೆ ನಿಂತು ಪಾಠ ಹೇಳಿರಿ, ಆ ಅನುಭವದ ಪತ್ರವನ್ನೂ ಮೊಹರುಗಳು ಬಿದ್ದ ಪದವಿಪತ್ರವನ್ನೂ ಕೆಲಸದ ವೀಸಾವನ್ನೂ ಕೈಯಲ್ಲಿ ಹಿಡಿದು ಆಮೇಲೆ ಹೊರಡಿರಿ. ಬಿಡುವವರು ಯಾರೆಂದು ತಾಯಿ ಕೇಳಿದಾಗ, ಆ ಕಾಗದಗಳನ್ನು ಆಕೆಯ ಮುಂದಿಟ್ಟು ಒಂದೊಂದನ್ನೂ ಓದಿ ಹೇಳಿರಿ.