ಪತ್ತಾಯ, ಪೆಟ್ಟಿಗೆ, ಕಪಾಟು: ಮನೆ-ಅಂಗಳದ ಮರದ ಸಂಗ್ರಹಗಳ ಇತಿಹಾಸ

ಧಾನ್ಯ, ಬಟ್ಟೆ, ಪಾತ್ರೆ, ಒಡವೆ, ಕಾಗದಪತ್ರ, ಸೌದೆ, ಹಾರೆ-ಗುದ್ದಲಿಗಳನ್ನು ಜೋಪಾನವಾಗಿ ಇಡಲು ಮನೆಯವರು ಮರದಿಂದ ಮಾಡಿಕೊಂಡ ಪೆಟ್ಟಿಗೆ, ಪತ್ತಾಯ, ನಾಗಂದಿಗೆ, ಅಟ್ಟ, ಕಪಾಟು, ಸೌದೆಕೊಟ್ಟಿಗೆಗಳು ಈ ಲೇಖನದ ವಿಷಯ. ಇವುಗಳಲ್ಲಿ ಬಹುಪಾಲು ಅಂಗಡಿಯಿಂದ ಬಂದವಲ್ಲ. ಹಿತ್ತಿಲ ಹಲಸನ್ನು ಕಡಿಸಿ, ಹಲಗೆ ಕೊಯ್ಸಿ, ನೆರಳಿನಲ್ಲಿ ಒಣಗಿಸಿ, ಬಡಗಿಯನ್ನು ಮನೆಗೆ ಕರೆಸಿ ಅಂಗಳದಲ್ಲೇ ಮಾಡಿಸಿದವು. ಚಿಕ್ಕಪುಟ್ಟವನ್ನು ಮನೆಯವರೇ ಮಾಡಿಕೊಂಡರು. ಹೀಗಾಗಿ ಇವುಗಳ ಅಳತೆಯನ್ನು ಗೊತ್ತುಮಾಡಿದ್ದು ಆ ಮನೆಯ ಗೋಡೆ, ಆ ಮನೆಯ ಫಸಲು.

ಇಂಥ ಸಂಗ್ರಹಕ್ಕೆ ಶತ್ರುಗಳು ಮೂರು: ತೇವ, ಇಲಿ, ಹುಳು. ನಾಲ್ಕನೆಯ ತೊಡಕು ಮರದಲ್ಲೇ ಇದೆ. ಕಡಿದು ಎಷ್ಟು ವರ್ಷವಾದರೂ ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಹಲಗೆಯ ಉದ್ದ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಅಗಲ ಮಾತ್ರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಬಳ್ಳಾರಿಯ ಬಿಸಿಲಲ್ಲಿ ಬಿಗಿಯಾಗಿ ಕೂರಿಸಿದ ಕಪಾಟಿನ ಬಾಗಿಲು ಮಂಗಳೂರಿನ ಆಷಾಢದಲ್ಲಿ ಮುಚ್ಚಲೊಲ್ಲದು. ಅಗಲವಾದ ಹಲಗೆಯ ಎರಡೂ ಅಂಚಿಗೆ ಮೊಳೆ ಹೊಡೆದು ಕಟ್ಟಿಹಾಕಿದರೆ ಅದು ನಡುವೆ ಸೀಳುತ್ತದೆ. ಮರದ ಪೆಟ್ಟಿಗೆಯ ಇತಿಹಾಸವೆಂದರೆ ಬಹುಮಟ್ಟಿಗೆ ಈ ಹಿಗ್ಗುಕುಗ್ಗಿಗೆ ಜಾಗ ಬಿಟ್ಟುಕೊಡುವುದನ್ನು ಕಲಿತ ಇತಿಹಾಸ.

ಪ್ರಾಚೀನ ಪೆಟ್ಟಿಗೆಗಳು

ಈಜಿಪ್ಟಿನಲ್ಲಿ ಉದ್ದನೆಯ ಹಲಗೆ ಕೊಡುವ ಮರಗಳು ಕಡಿಮೆ. ಅಲ್ಲಿಯ ಅತ್ತಿ, ಜಾಲಿ ಜಾತಿಯ ಮರಗಳಿಂದ ತುಂಡು ಹಲಗೆಗಳಷ್ಟೇ ಸಿಗುತ್ತಿದ್ದವು. ಒಳ್ಳೆಯ ದೇವದಾರು ಲೆಬನಾನಿನಿಂದ ಬರಬೇಕಿತ್ತು. ಈ ಬಡತನವೇ ಅಲ್ಲಿನ ಬಡಗಿಗಳನ್ನು ಜೋಡಣೆಯಲ್ಲಿ ನಿಪುಣರನ್ನಾಗಿ ಮಾಡಿತು. ಒಂದು ಹಲಗೆಯ ತುದಿಯನ್ನು ನಾಲಿಗೆಯಂತೆ ಕೊರೆದು ಇನ್ನೊಂದರ ತೂತಿಗೆ ಕೂರಿಸುವುದು, ತುದಿಗೆ ಹೋದಂತೆ ಅಗಲವಾಗುವ ಹಲ್ಲುಗಳನ್ನು ಮೂಲೆಯಲ್ಲಿ ಒಂದಕ್ಕೊಂದು ಕಚ್ಚಿಸುವುದು, ಎರಡೂ ಅವರಿಗೆ ಗೊತ್ತಿದ್ದವು. 1922ರಲ್ಲಿ ಹೊವರ್ಡ್ ಕಾರ್ಟರ್ ಪತ್ತೆಮಾಡಿದ ತುತಾಂಖಾಮನ್‌ನ ಗೋರಿಯಲ್ಲಿ ಪೆಟ್ಟಿಗೆಗಳ ರಾಶಿಯೇ ಇತ್ತು. ಅವುಗಳಲ್ಲಿ ಒಂದರ ತಳದಲ್ಲಿ ಹೊರುವ ಕೋಲುಗಳಿವೆ. ಬೇಡವಾದಾಗ ಅವನ್ನು ಪೆಟ್ಟಿಗೆಯ ಅಡಿಗೇ ತಳ್ಳಿಬಿಡಬಹುದು. ಬೀಗವಿರಲಿಲ್ಲ. ಮುಚ್ಚಳಕ್ಕೊಂದು, ಪೆಟ್ಟಿಗೆಗೊಂದು ಗುಬುಟು. ಎರಡಕ್ಕೂ ದಾರ ಸುತ್ತಿ ಜೇಡಿಯ ಮುದ್ರೆ ಒತ್ತುತ್ತಿದ್ದರು.

ಜಪಾನಿನ ನಾರಾ ಪಟ್ಟಣದ ತೊದಾಯ್‌ಜಿ ದೇವಾಲಯಕ್ಕೆ ಸೇರಿದ ಶೊಸೊಯಿನ್ ಉಗ್ರಾಣ ಇದಕ್ಕಿಂತ ದೊಡ್ಡ ಪಾಠ ಹೇಳುತ್ತದೆ. ಚಕ್ರವರ್ತಿ ಶೋಮು ತೀರಿಕೊಂಡ ಮೇಲೆ, 756ರಲ್ಲಿ, ರಾಣಿ ಕೋಮ್ಯೊ ಅವನ ವಸ್ತುಗಳನ್ನು ದೇವಾಲಯಕ್ಕೆ ಅರ್ಪಿಸಿದಳು. ಅವುಗಳಲ್ಲಿ ಹಲವು ಇಂದಿಗೂ ಉಳಿದಿವೆ: ರೇಷ್ಮೆ, ಕಾಗದ, ವಾದ್ಯ, ಔಷಧಿ ಸಹಿತ. ಕಟ್ಟಡ ಸುಮಾರು 33 ಮೀಟರ್ ಉದ್ದ, ನೆಲದಿಂದ 2.7 ಮೀಟರ್ ಎತ್ತರದಲ್ಲಿ ದಪ್ಪ ಕಂಬಗಳ ಮೇಲೆ ನಿಂತಿದೆ. ಗೋಡೆಗೆ ಮುಮ್ಮೂಲೆಯ ತೊಲೆಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಪೇರಿಸಿದ್ದಾರೆ. ತೇವವಿದ್ದಾಗ ತೊಲೆಗಳು ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತವೆ, ಒಣಗಿದಾಗ ಸಂದು ತೆರೆದು ಗಾಳಿಯಾಡುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಅಳೆದು ನೋಡಿದಾಗ ಆ ನಂಬಿಕೆ ನಿಲ್ಲಲಿಲ್ಲ. ವಸ್ತುಗಳನ್ನು ಕಾಪಾಡಿದ್ದು ಮುಖ್ಯವಾಗಿ ಒಳಗಿನ ದೇವದಾರು ಜಾತಿಯ ಮರದ ಕಾಲುಪೆಟ್ಟಿಗೆಗಳು. ಹೊರಗೆ ತೇವ ಎಷ್ಟು ಏರಿಳಿದರೂ ಪೆಟ್ಟಿಗೆಯೊಳಗೆ ಅದು ಬಹಳ ಕಡಿಮೆ ಅಲುಗುತ್ತದೆ. ಹೆಚ್ಚಾದ ತೇವವನ್ನು ಮರವೇ ಹೀರಿಕೊಂಡು ನಿಧಾನವಾಗಿ ಮರಳಿಸುತ್ತದೆ. ಎತ್ತರದ ನೆಲಗಟ್ಟು, ಅದರ ಮೇಲೆ ಮರದ ಮನೆ, ಅದರೊಳಗೆ ಮರದ ಪೆಟ್ಟಿಗೆ: ಮೂರು ಪದರ ಸೇರಿ ಸುಮಾರು 1,200 ವರ್ಷ ಕೆಲಸ ಮಾಡಿದವು.

ಯುರೋಪಿನಲ್ಲಿ ಮೊದಮೊದಲ ಪೆಟ್ಟಿಗೆಗಳು ಮರದ ಇಡೀ ದಿಮ್ಮಿಯನ್ನೇ ತೋಡಿ ಮಾಡಿದವು. ಇಂಗ್ಲಿಷಿನಲ್ಲಿ ದಿಮ್ಮಿಗೂ ಪೆಟ್ಟಿಗೆಗೂ ಒಂದೇ ಹೆಸರು ಬಂದದ್ದು ಹೀಗೆ. ನಮ್ಮ ಅಜ್ಜಿಯರ ತಗಡಿನ ಟ್ರಂಕಿನ ಹೆಸರಿನಲ್ಲಿ ಆ ಮರದ ಬೊಡ್ಡೆ ಇನ್ನೂ ಅಡಗಿದೆ. ತೋಡಿದ ಪೆಟ್ಟಿಗೆಯ ನಂತರ ಆರು ಹಲಗೆಯ ಪೆಟ್ಟಿಗೆ ಬಂತು, ಅದು ಸೀಳುತ್ತಿತ್ತು. 15ನೆಯ ಶತಮಾನದ ಹೊತ್ತಿಗೆ ಉತ್ತರ ಯುರೋಪಿನಲ್ಲಿ ಹರಡಿದ ಚೌಕಟ್ಟು-ಹಲಗೆಯ ಕ್ರಮ ಈ ಕಾಟವನ್ನು ನೀಗಿತು. ಸಣ್ಣ ಪಟ್ಟಿಗಳಿಂದ ಗಟ್ಟಿ ಚೌಕಟ್ಟು ಕಟ್ಟಿ, ಅದರ ಒಳ ಅಂಚಿಗೆ ಗಾಡಿ, ಅಂದರೆ ಉದ್ದನೆಯ ತೋಡು, ತೆಗೆದು, ತೆಳು ಹಲಗೆಯನ್ನು ಆ ಗಾಡಿಯಲ್ಲಿ ಸಡಿಲವಾಗಿ ಕೂರಿಸುವುದು ಕ್ರಮ. ಅಂಟಿಲ್ಲ, ಮೊಳೆಯಿಲ್ಲ. ಹಲಗೆ ತನ್ನ ಗಾಡಿಯೊಳಗೇ ಹಿಗ್ಗುತ್ತದೆ, ಕುಗ್ಗುತ್ತದೆ, ಚೌಕಟ್ಟು ಅಲುಗುವುದಿಲ್ಲ. ನಮ್ಮ ಹಳೆಯ ಮನೆಗಳ ಬಾಗಿಲುಗಳನ್ನು ಹತ್ತಿರದಿಂದ ನೋಡಿದರೆ ಇದೇ ಜಾಣತನ ಕಾಣುತ್ತದೆ.

ಅಂಗಳದ ಧಾನ್ಯಮನೆಗಳಿಗೆ ನಾರ್ವೆಯಲ್ಲೂ ಸ್ಪೇನಿನ ಅಸ್ಟೂರಿಯಾಸ್‌ನಲ್ಲೂ ಹೆಚ್ಚುಕಡಿಮೆ ಒಂದೇ ಉಪಾಯ ಹೊಳೆದಿತ್ತು: ಮರದ ಕೋಣೆಯನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸುವುದು. ಅಸ್ಟೂರಿಯಾಸ್‌ನಲ್ಲಿ ಪ್ರತಿ ಕಂಬದ ನೆತ್ತಿಯ ಮೇಲೆ ಅಗಲವಾದ ಚಪ್ಪಟೆ ಕಲ್ಲೂ ಇರುತ್ತದೆ. ಕಂಬ ಹತ್ತಿದ ಇಲಿ ಆ ಕಲ್ಲಿನ ಅಡಿಗೆ ಬಂದು ತಲೆಕೆಳಗಾಗಿ ನಡೆಯಲಾರದೆ ಹಿಂತಿರುಗಬೇಕು.

ಕನ್ನಡನಾಡಿನಲ್ಲಿ

ಕರ್ನಾಟಕದಲ್ಲಿ ಧಾನ್ಯ ಎಲ್ಲಿ ಉಳಿಯಿತು ಎಂಬುದನ್ನು ಮಳೆ ನಿರ್ಧರಿಸಿತು. ಒಣ ಬಯಲುಸೀಮೆಯಲ್ಲಿ ನೆಲವೇ ಉಗ್ರಾಣ. ರಾಗಿ, ಜೋಳವನ್ನು ಹಗೇವುಗಳಲ್ಲಿ ಹೂಳುತ್ತಿದ್ದರು; ಮನೆಯೊಳಗೆ ಮಣ್ಣಿನ ವಾಡೆ, ಗುಡಾಣ, ಬಿದಿರು ಹೆಣೆದು ಸಗಣಿ-ಮಣ್ಣು ಮೆತ್ತಿದ ಕಣಜ. 1800-01ರಲ್ಲಿ ಮೈಸೂರು, ಕರಾವಳಿ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ರಾಗಿಯನ್ನು ಹಗೇವಿನಲ್ಲಿ ಇಡುವುದನ್ನು ಬರೆದಿಟ್ಟಿದ್ದಾನೆ. ಘಟ್ಟದ ಕೆಳಗೆ ಹಗೇವು ತೋಡಿದರೆ ಜೂನ್ ಕಳೆಯುವಷ್ಟರಲ್ಲಿ ಅದು ಬಾವಿಯಾಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನೆಲವದು. ಆದರೆ ಮಳೆಯಿದ್ದಲ್ಲಿ ಕಾಡೂ ಇದೆ. ಹೀಗೆ ಕರಾವಳಿ, ಮಲೆನಾಡುಗಳು ಮರದ ಉಗ್ರಾಣದ ಸೀಮೆಗಳಾದವು.

ಈ ಸೀಮೆಯ ದೊಡ್ಡ ಸಾಧನೆ ಪತ್ತಾಯ. ಹೆಸರು ತಮಿಳು, ಮಲಯಾಳಗಳಲ್ಲೂ ಇದೆ. ಹಲಸು, ಹೆಬ್ಬಲಸಿನಂಥ ಮರದ ದಪ್ಪ ಹಲಗೆಗಳಿಂದ ಮಾಡಿದ, ಕೆಲವು ಮನೆಗಳಲ್ಲಿ ಕೋಣೆಯಷ್ಟೇ ದೊಡ್ಡದಾದ ಭತ್ತದ ಪೆಟ್ಟಿಗೆ ಇದು. ನಾಲ್ಕು ಮೂಲೆಗೆ ಗಟ್ಟಿ ಕಂಬ, ಕಂಬಗಳಿಗೆ ಉದ್ದಕ್ಕೂ ಗಾಡಿ, ಗಾಡಿಯಲ್ಲಿ ಹಲಗೆ. ತಳ ನೆಲಕ್ಕೆ ತಾಗುವಂತಿಲ್ಲ: ಮರದ ಕಾಲು ಇಲ್ಲವೇ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು, ಅಡಿಯಲ್ಲಿ ಬೆಕ್ಕು ನುಸುಳುವಷ್ಟು ಜಾಗವಿರುತ್ತಿತ್ತು. ಒಂದು ಬಗೆಯ ಪತ್ತಾಯದಲ್ಲಿ ಮುಂಭಾಗದ ಹಲಗೆಗಳು ಬಿಡಿಬಿಡಿ. ಭತ್ತ ಸುರಿಯುತ್ತ ಹೋದಂತೆ ಮೇಲಿನಿಂದ ಒಂದೊಂದೇ ಹಲಗೆಯನ್ನು ಗಾಡಿಯಲ್ಲಿ ಜಾರಿಸಿ ಇಳಿಸುತ್ತಿದ್ದರು. ಖರ್ಚಾಗುತ್ತ ಬಂದಂತೆ ಒಂದೊಂದೇ ಹಲಗೆಯನ್ನು ಎತ್ತಿ ತೆಗೆಯುತ್ತಿದ್ದರು. ಎಷ್ಟು ಹಲಗೆ ಉಳಿದಿದೆ ಎಂದು ನೋಡಿದರೆ ಸಾಕು, ಮುಂದಿನ ಕೊಯ್ಲಿನವರೆಗೆ ಮನೆಯ ಊಟ ಹೇಗೆ ಎಂಬುದು ಯಜಮಾನಿಗೆ ತಿಳಿಯುತ್ತಿತ್ತು. ಒಳಗೆ ಅಡ್ಡಹಲಗೆ ಇಟ್ಟು ಬೀಜದ ಭತ್ತವನ್ನು ಬೇರೆ ಮಾಡುತ್ತಿದ್ದರು. ಗಟ್ಟಿ ಮುಚ್ಚಳವಿರುವ ಪತ್ತಾಯದ ಮೇಲೆ ಚಾಪೆ ಹಾಸಿ ಮಲಗುವುದೂ ಇತ್ತು. ಮನೆಯ ಅನ್ನಕ್ಕೆ ಅದಕ್ಕಿಂತ ಒಳ್ಳೆಯ ಕಾವಲು ಬೇರೆ ಇಲ್ಲ.

ಪತ್ತಾಯಕ್ಕಿಂತ ಚಿಕ್ಕದು, ಅಕ್ಕಿ-ಬಟ್ಟೆ-ಪಾತ್ರೆಗಳ ಪೆಟ್ಟಿಗೆ, ತುಳುವರ ಕಲೆಂಬಿ. ಮರವಿಲ್ಲದವರು ಅಂಗಳದಲ್ಲಿ ಹುಲ್ಲಿನ ಹಗ್ಗ ಸುತ್ತಿ ಭತ್ತದ ತಿರಿ ಕಟ್ಟುತ್ತಿದ್ದರು, ಅಕ್ಕಿಯನ್ನು ಹುಲ್ಲಿನ ಮುಡಿಯಲ್ಲಿ ಬಿಗಿಯುತ್ತಿದ್ದರು. ಘಟ್ಟದ ಮೇಲಿನ ಮನೆಗಳಲ್ಲೂ ಮರ ಬೇರೆ ರೂಪಗಳಲ್ಲಿ ಇದ್ದೇ ಇತ್ತು: ಗೋಡೆಯ ಮೇಲ್ಭಾಗಕ್ಕೆ ಹಲಗೆ ಕೂರಿಸಿದ ನಾಗಂದಿಗೆ, ಒಲೆಯ ಹೊಗೆ ತಾಗುವ ಅಟ್ಟ, ಬಾಗಿಲಿಟ್ಟ ಗೋಡೆಗೂಡು. ಹೊಗೆಯ ಅಟ್ಟದಲ್ಲಿಟ್ಟ ಬೀಜಕ್ಕೆ ಹುಳು ಹಿಡಿಯುವುದು ಕಡಿಮೆ.

ಬಾಚಿ, ಉಳಿ, ಕೊಡತಿ, ಕೀಸುಳಿ, ಬೈರಿಗೆ, ಗರಗಸ; ಇಷ್ಟರಲ್ಲಿ ಬಡಗಿ ಇವನ್ನೆಲ್ಲ ಮಾಡುತ್ತಿದ್ದ. ಅಂಗಳದ ಕೆಲಸಗಳಿಗೆ ಅವನೂ ಬೇಕಿರಲಿಲ್ಲ. ಮಲೆನಾಡಿನ ರೈತ ಅಡಕೆಮರವನ್ನು ಸೀಳಿ ದಬ್ಬೆ ಮಾಡಿ ಸೌದೆಕೊಟ್ಟಿಗೆಯ ಗೋಡೆ, ಅಡಕೆಯ ಅಟ್ಟ, ಕೋಳಿಗೂಡು ಎಲ್ಲವನ್ನೂ ತಾನೇ ಕಟ್ಟಿಕೊಂಡ. ದಬ್ಬೆಯ ನಡುವಿನ ಸಂದಿಯಿಂದ ಗಾಳಿ ಹಾಯುತ್ತದೆ, ಸೌದೆ ಒಣಗುತ್ತದೆ. ಸೌದೆಗೆ ಬೇಕಾದ್ದೂ ಅದೇ. ಪೋರ್ಚುಗೀಸರು 16ನೆಯ ಶತಮಾನದಲ್ಲಿ ತಂದ ಗೇರು ಕರಾವಳಿಯ ಮರಗೆಲಸಕ್ಕೂ ಉಪಕಾರ ಮಾಡಿತು: ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಗೆದ್ದಲು ತಡೆಯಲು ಮರಕ್ಕೆ ಬಳಿಯುವ ರೂಢಿ ಬೆಳೆಯಿತು. ಆ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಧಾನ್ಯ ತಾಗುವ ಒಳಮೈಗೆ ಅದು ಸಲ್ಲದು.

ಪೆಟ್ಟಿಗೆ ಎಂಬುದು ದ್ರಾವಿಡ ಮಾತು. ಸಂದೂಕ ಅರಬ್ಬಿಯಿಂದ, ಅಲಮಾರು ಪೋರ್ಚುಗೀಸಿನಿಂದ ಬಂದವು. ಹೊಸ ಹೆಸರುಗಳ ಜೊತೆ ಹೊಸ ಅಭ್ಯಾಸವೂ ಬಂತು. ಪೆಟ್ಟಿಗೆಯಲ್ಲಿ ವಸ್ತುಗಳು ಒಂದರ ಮೇಲೊಂದು ಮಲಗುತ್ತವೆ, ತಳದ್ದನ್ನು ತೆಗೆಯಲು ಎಲ್ಲವನ್ನೂ ಎತ್ತಬೇಕು. ಅಲಮಾರಿನಲ್ಲಿ ಖಾನೆಗಳು, ಬಾಗಿಲು ತೆರೆದರೆ ಎಲ್ಲ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ.

ಪತ್ತಾಯ ಬರಿದಾದದ್ದು ಮರದ ಕೊರತೆಯಿಂದಲ್ಲ. ದೊಡ್ಡ ಪತ್ತಾಯಗಳು ತುಂಬುತ್ತಿದ್ದದ್ದು ಒಕ್ಕಲುಗಳು ಅಳೆದ ಗೇಣಿಯಿಂದ. ಕರ್ನಾಟಕದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು ಗೇಣಿ ಪದ್ಧತಿಯನ್ನು ತೆಗೆದುಹಾಕಿತು. ಉಳುವವನಿಗೆ ನ್ಯಾಯ ಸಿಕ್ಕಿತು. ಧಣಿಗಳ ಮನೆಯ ಪತ್ತಾಯಕ್ಕೆ ಕೆಲಸವಿಲ್ಲವಾಯಿತು. ಹಲವು ಪತ್ತಾಯಗಳ ಹಲಗೆಗಳು ಬಾಗಿಲು, ಮಂಚ, ಮೇಜುಗಳಾದವು, ಕೆಲವು ಹಳೆಯ ಸಾಮಾನಿನ ವ್ಯಾಪಾರಿಗಳ ಕೈಸೇರಿದವು. ವಿಜಯನಾಥ ಶೆಣೈ ಮಣಿಪಾಲದಲ್ಲಿ ಕಟ್ಟಿದ ಪಾರಂಪರಿಕ ಗ್ರಾಮ, ಹೀಗೆ ಚದುರಿಹೋಗುತ್ತಿದ್ದ ಮರದ ಮನೆಗಳನ್ನು ಉಳಿಸಿದ ದೊಡ್ಡ ಕೆಲಸ. ಸಣ್ಣ ರೈತರ ಪತ್ತಾಯಗಳೂ ಹೆಚ್ಚು ಕಾಲ ಬಾಳಲಿಲ್ಲ: ಗೋಣಿಚೀಲ, ತಗಡಿನ ಡ್ರಮ್ಮು, ಕೊಯ್ಲಾದೊಡನೆ ಭತ್ತ ಮಾರಿ ಅಕ್ಕಿ ಕೊಳ್ಳುವ ರೂಢಿ, ಕೊನೆಗೆ ಗದ್ದೆಯನ್ನೇ ತೋಟ ಮಾಡುವ ಲೆಕ್ಕಾಚಾರ ಅವುಗಳ ಜಾಗಕ್ಕೆ ಬಂದವು.

ಬಡಗಿಯ ಗುಟ್ಟು ಪುಸ್ತಕಕ್ಕೆ

ಬಡಗಿಯ ವಿದ್ಯೆ ಎಲ್ಲೆಡೆ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಇಳಿಯುತ್ತಿತ್ತು. ಲಂಡನ್ನಿನ ಮುದ್ರಕ ಜೋಸೆಫ್ ಮಾಕ್ಸನ್ 1678ರಲ್ಲಿ ಕಮ್ಮಾರಿಕೆ, ಮರಗೆಲಸ ಮೊದಲಾದ ಕಸುಬುಗಳ ವಿವರವನ್ನು ಬಿಡಿ ಕಂತುಗಳಲ್ಲಿ ಅಚ್ಚುಹಾಕತೊಡಗಿದ. ಕಸುಬಿನವನಲ್ಲದವನೂ ಓದಿ ಕಲಿಯಬಹುದಾಯಿತು. ಅಮೆರಿಕದಲ್ಲಿ ಗುಸ್ತಾವ್ ಸ್ಟಿಕ್ಲೆ 1901ರಿಂದ 1916ರವರೆಗೆ ನಡೆಸಿದ ‘ದಿ ಕ್ರಾಫ್ಟ್ಸ್‌ಮನ್’ ಪತ್ರಿಕೆ, ಮನೆಯಲ್ಲೇ ಮಾಡಿಕೊಳ್ಳಬಹುದಾದ ಸಾಮಾನುಗಳ ನಕ್ಷೆ ಕೊಟ್ಟಿತು. ತನ್ನ ಕಾರ್ಖಾನೆಯ ಸಾಮಾನನ್ನು ಮಾರುತ್ತಲೇ ಅಂಥದ್ದನ್ನು ಮಾಡುವ ಬಗೆಯನ್ನೂ ಓದುಗನಿಗೆ ಹೇಳಿಕೊಟ್ಟ ಅವನ ಧಾರಾಳತನ ಮೆಚ್ಚುವಂಥದ್ದು.

1934ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ನೆದರ್ಲೆಂಡ್ಸಿನ ಗೆರಿಟ್ ರೀಟ್‌ವೆಲ್ಡ್ ಸಾಗಾಟದ ಪೆಟ್ಟಿಗೆಗಳ ಅಗ್ಗದ ಹಲಗೆಯಿಂದ ಪೀಠೋಪಕರಣ ರೂಪಿಸಿದ. ಕೊಂಡವರು ತಾವೇ ಜೋಡಿಸಿಕೊಳ್ಳುತ್ತಿದ್ದರು. ಇಟಲಿಯ ಎಂಜೊ ಮಾರಿ 1974ರಲ್ಲಿ ಇನ್ನೂ ಮುಂದೆ ಹೋದ. ಹಲಗೆ, ಮೊಳೆ, ಸುತ್ತಿಗೆಗಳಿಂದಲೇ ಮಾಡಬಹುದಾದ ಮೇಜು, ಮಂಚ, ಪುಸ್ತಕದ ಕಪಾಟು ಮುಂತಾದ 19 ನಕ್ಷೆಗಳ ಪುಸ್ತಕವನ್ನು, ಅಂಚೆ ಖರ್ಚು ಕಳಿಸಿದವರಿಗೆಲ್ಲ ಕೊಟ್ಟ. ತಾನೇ ಒಂದು ಕಪಾಟು ಮಾಡಿದವನಿಗೆ ಅಂಗಡಿಯ ಕಪಾಟಿನ ಒಳಗುಟ್ಟು ತಿಳಿಯುತ್ತದೆ ಎಂಬುದು ಅವನ ಆಶಯ. ಅದು ಸರಿಯಾದ ಆಶಯ ಎಂದೇ ಈ ಲೇಖಕನ ತೀರ್ಮಾನ: ಒಂದು ಗಾಡಿಯನ್ನು ನೆಟ್ಟಗೆ ಕೊರೆದ ಕೈಗೆ ಬಡಗಿಯ ಕೂಲಿ ಎಂದೂ ದುಬಾರಿ ಅನಿಸುವುದಿಲ್ಲ.

ಪ್ಲೈವುಡ್ ಮತ್ತು ಪ್ಯಾಲೆಟ್

ತೆಳು ಹಾಳೆಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡವಾಗುವಂತೆ ಅಂಟಿಸಿದ ಪ್ಲೈವುಡ್ ಹಿಗ್ಗುಕುಗ್ಗಿನ ಹಳೆಯ ಸಮಸ್ಯೆಯನ್ನು ಬಹುತೇಕ ಅಳಿಸಿತು. ಭಾರತದಲ್ಲಿ ಅದು ಮೊದಲು ಹೆಚ್ಚಾಗಿ ಬಳಕೆಯಾದದ್ದು ಚಹಾ ಪೆಟ್ಟಿಗೆಗಳಿಗೆ. ಪ್ಲೈವುಡ್ ಉದ್ಯಮದ ಸಂಶೋಧನಾ ಸಂಸ್ಥೆ 1962ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಕಾಡಿನ ಮರ ಕಡಿಯುವುದಕ್ಕೆ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಕಡಿವಾಣ ಹಾಕಿದ ಮೇಲೆ ಈ ಉದ್ಯಮ ನೆಟ್ಟು ಬೆಳೆಸಿದ ಮರಗಳ ಕಡೆ ತಿರುಗಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸಿಲ್ವರ್ ಓಕ್ ಕೂಡ ಈಗ ಪ್ಲೈವುಡ್ ಆಗುತ್ತದೆ. ಎಂಟಡಿ-ನಾಲ್ಕಡಿಯ ಹಾಳೆ, ಕೈ ಡ್ರಿಲ್ಲು, ತಿರುಪು ಇದ್ದರೆ ಕಪಾಟಿನ ಗೂಡನ್ನು ಮನೆಯಲ್ಲೇ ಕಟ್ಟಬಹುದು. ಪ್ಲೈವುಡ್‌ನ ದೌರ್ಬಲ್ಯ ಅಂಚಿನಲ್ಲಿದೆ. ಅಂಚಿಗೆ ಪಟ್ಟಿ ಅಂಟಿಸದೆ, ಕಾಲು ಕೊಡದೆ ತೊಳೆಯುವ ನೆಲದ ಮೇಲೆ ಇಟ್ಟರೆ ಪದರಗಳು ಬಿಚ್ಚಿಕೊಳ್ಳುತ್ತವೆ. ನೆಲದಿಂದ ಎತ್ತಿ ಇಡು ಎಂಬ ಪತ್ತಾಯದ ನಿಯಮವನ್ನು ಪ್ಲೈವುಡ್ ಬದಲಿಸಲಿಲ್ಲ.

ಈಗ ಮನೆಯವರೇ ಅಂಗಳಕ್ಕೆ ಮಾಡಿಕೊಳ್ಳುವ ಗಿಡದ ಕಟ್ಟೆ, ಹಾರೆ-ಪಿಕಾಸಿಯ ಪೆಟ್ಟಿಗೆ, ಸೌದೆಯ ಚೌಕಟ್ಟುಗಳಿಗೆ ಸರಕು ಸಾಗಾಟದ ಹಳೆಯ ಪ್ಯಾಲೆಟ್ ಹಲಗೆಯೂ ಬಳಕೆಯಾಗುತ್ತದೆ. 800×1,200 ಮಿಲಿಮೀಟರ್ ಅಳತೆಯ ಪ್ಯಾಲೆಟ್ ಯುರೋಪಿನಲ್ಲಿ 1961ರಿಂದ ಚಾಲ್ತಿಯಲ್ಲಿದೆ. ಮರದ ಜೊತೆ ಹುಳು ದೇಶದಿಂದ ದೇಶಕ್ಕೆ ಹೋಗಬಾರದೆಂದು 2002ರಲ್ಲಿ ಅಂತರರಾಷ್ಟ್ರೀಯ ನಿಯಮ ಬಂತು. ಅದರಂತೆ ಹಲಗೆಯ ತಿರುಳು 56 ಡಿಗ್ರಿ ಸೆಲ್ಸಿಯಸ್‌ಗೆ ಏರಿ 30 ನಿಮಿಷ ನಿಲ್ಲುವಂತೆ ಕಾಯಿಸಬೇಕು, ಇಲ್ಲವೇ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಬೇಕು. ಯಾವುದನ್ನು ಮಾಡಿದ್ದಾರೆಂದು ಹಲಗೆಯ ಮೇಲೆ ಒತ್ತಿದ ಮುದ್ರೆ ಹೇಳುತ್ತದೆ: ಕಾಯಿಸಿದ್ದಕ್ಕೆ ‘ಎಚ್‌ಟಿ’, ಅನಿಲ ಹಾಯಿಸಿದ್ದಕ್ಕೆ ‘ಎಂಬಿ’. ಹಳೆಯ ಪ್ಯಾಲೆಟ್ ಕೊಳ್ಳುವವರು ಮೊದಲು ಈ ಮುದ್ರೆಯನ್ನು ಹುಡುಕಬೇಕು. ‘ಎಂಬಿ’ ಇದ್ದರೆ, ಅಥವಾ ಹಲಗೆಯ ಮೇಲೆ ಎಣ್ಣೆ-ರಾಸಾಯನಿಕದ ಕಲೆ ಕಂಡರೆ, ಅದರಿಂದ ಅಕ್ಕಿ, ಭತ್ತ, ಬೇಳೆಯ ಪೆಟ್ಟಿಗೆ ಮಾಡಬೇಡಿ.