ಸೆರೋವೆಗೆ ಬಂದ ಸೊಸೆ

ಪರದೇಶಕ್ಕೆ ಹೋದ ಮಗನು ಅಲ್ಲಿಯ ಹೆಣ್ಣೊಬ್ಬಳ ಕೈಹಿಡಿದನೆಂಬ ಸುದ್ದಿ ಮುಟ್ಟಿದಾಗ ಮನೆಯವರು ಒಂದು ದಿನ ಊಟ ಬಿಟ್ಟಾರು, ಒಂದು ವರ್ಷ ಕಾಗದ ಬರೆಯದೆ ಮುನಿದುಕೊಂಡಾರು. ಆದರೆ ಆತನು ಅವಳನ್ನು ಕರೆದುಕೊಂಡು ಹುಟ್ಟಿದೂರಿಗೇ ಹಿಂದಿರುಗುವನೆಂದು ತಿಳಿದ ದಿನ ಏಳುವ ಗದ್ದಲವೇ ಬೇರೆ. ಕಡಲಾಚೆಯ ಮದುವೆ ಬರಿಯ ವಾರ್ತೆಯಾಗಿರುತ್ತದೆ. ಹೊಸ್ತಿಲು ದಾಟಿದ ಸೊಸೆಗಾದರೋ ಅಡುಗೆಮನೆಯಲ್ಲಿ ಒಂದು ಮಣೆಯನ್ನೂ, ದಾಯಾದಿಗಳ ನಡುವೆ ಒಂದು ಸ್ಥಾನವನ್ನೂ, ಅವಳ ಮಕ್ಕಳಿಗೆ ಆಸ್ತಿಯಲ್ಲಿ ಒಂದು ಪಾಲನ್ನೂ ಕೊಡಬೇಕಾಗುತ್ತದೆ. ಆ ಮನೆ ಅರಮನೆಯಾಗಿ, ಆ ಅರಮನೆಯ ಮೇಲೆ ಬೇರೊಂದು ಸಾಮ್ರಾಜ್ಯದ ಹಿಡಿತವಿದ್ದರಂತೂ ಸೊಸೆಯ ಮಣೆ ರಾಜಕಾರಣದ ಕಡತವನ್ನೇ ಸೇರುತ್ತದೆ. ಆಫ್ರಿಕ ಖಂಡದ ದಕ್ಷಿಣಭಾಗದಲ್ಲಿ ಬ್ರಿಟಿಷರ ಹಿಡಿತದಲ್ಲಿದ್ದ ಬೆಚುವಾನಾಲ್ಯಾಂಡಿನಲ್ಲಿ 1948ರಿಂದ 1956ರವರೆಗೆ ನಡೆದುದು ಇಂಥದೊಂದು ಪ್ರಸಂಗ.

ಕಾಲಹಾರಿ ಮರುಭೂಮಿಯ ಪೂರ್ವದಂಚಿನಲ್ಲಿ, ಮಳೆಯು ದೂರದ ನಂಟನಂತೆ ಎಂದೋ ಒಮ್ಮೆ ಬಂದುಹೋಗುವ ಸೀಮೆಯಲ್ಲಿ, ಸೆರೋವೆ ಎಂಬ ಊರುಂಟು. ಬಾಮಾಂಗ್ವಾಟೊ ಕುಲದ ದೊರೆಯಾದ ಮೂರನೆಯ ಖಾಮನು ನೀರಿಗಾಗಿ ಹಳೆಯ ರಾಜಧಾನಿಯನ್ನು ತೊರೆದು 1902ರಲ್ಲಿ ತನ್ನ ಪ್ರಜೆಗಳನ್ನು ಇಲ್ಲಿಗೆ ಕರೆತಂದನು. ಈತನು ಕ್ರೈಸ್ತನಾಗಿದ್ದನು, ಮದ್ಯದ ಕಡುವಿರೋಧಿಯಾಗಿದ್ದನು. ಸೆಸಿಲ್ ರೋಡ್ಸನ ಕಂಪನಿಯು ತನ್ನ ನೆಲವನ್ನು ನುಂಗಲು ಹವಣಿಸಿದಾಗ, 1895ರಲ್ಲಿ ನೆರೆಯ ಇಬ್ಬರು ದೊರೆಗಳೊಡನೆ ಲಂಡನ್ನಿಗೇ ಹೋಗಿ ವಿಕ್ಟೋರಿಯಾ ರಾಣಿಯ ಸರ್ಕಾರದ ಮುಂದೆ ವಾದಿಸಿ ನೆಲ ಉಳಿಸಿಕೊಂಡು ಬಂದ ಜಾಣ. ಹುಲ್ಲು ಹೊದೆಸಿದ ಗುಂಡು ಗುಡಿಸಲುಗಳು ಗುಂಪುಗುಂಪಾಗಿದ್ದ ಈ ಊರಿನ ನಡುವೆ, ಮರದ ಗೂಟಗಳನ್ನು ಒತ್ತೊತ್ತಾಗಿ ನೆಟ್ಟು ಕುದುರೆಲಾಳದ ಆಕಾರದಲ್ಲಿ ಕಟ್ಟಿದ ಒಂದು ಬಯಲಾವರಣವಿದೆ, ಇದೇ ಖೋಟ್ಲಾ. ನಮ್ಮ ಅರಳಿಕಟ್ಟೆಯ ಪಂಚಾಯಿತಿಯನ್ನು ನೆನೆದರೆ ಇದರ ಸ್ವರೂಪವು ಸ್ವಲ್ಪಮಟ್ಟಿಗೆ ಮನಸ್ಸಿಗೆ ಬಂದೀತು. ಭೇದವೆಂದರೆ ನಮ್ಮಲ್ಲಿ ಐವರು ಹೇಳಿದ್ದನ್ನು ಊರು ಕೇಳುತ್ತದೆ. ಅಲ್ಲಿ ಊರಿನ ಗಂಡಸರೆಲ್ಲ ಮಾತಾಡಿ ಮುಗಿಸುವ ತನಕ ದೊರೆಯು ಕೇಳುತ್ತಾ ಕೂತಿರಬೇಕಾಗಿತ್ತು. ಜನರಿಂದಲೇ ಅರಸನು ಅರಸ ಎಂಬರ್ಥದ ಗಾದೆ ಆ ಜನರ ನುಡಿಯಲ್ಲಿದೆ. ಹೆಂಗಸರಿಗೆ ಅಂದು ಖೋಟ್ಲಾದಲ್ಲಿ ಎಡೆಯಿರಲಿಲ್ಲವೆಂಬುದನ್ನೂ ಹೇಳಿಬಿಡಬೇಕು. ಚರ್ಚೆಯೆಲ್ಲ ಒಬ್ಬ ಹೆಣ್ಣಿನ ವಿಷಯವಾಗಿಯೇ ನಡೆದಾಗಲೂ ಇರಲಿಲ್ಲ.

ಖಾಮನ ಮೊಮ್ಮಗನು 1921ರಲ್ಲಿ ಹುಟ್ಟಿದಾಗ ಅವನಿಗೆ ಸೆರೆತ್ಸೆ ಎಂದು ಹೆಸರಿಟ್ಟರು. ಬೆಸೆಯುವ ಜೇಡಿಮಣ್ಣು ಎಂದು ಅದರ ಅರ್ಥ. ಬಹುಕಾಲ ಮುನಿದುಕೊಂಡಿದ್ದ ಅಜ್ಜನೂ ಅಪ್ಪನೂ ಒಂದಾದುದರ ಸ್ಮರಣೆಗಾಗಿ ಇಟ್ಟ ಹೆಸರಂತೆ. ನಾಲ್ಕು ವರ್ಷ ತುಂಬಿದ ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡರು, ಮಗು ದೊರೆಯಾಯಿತು, ಚಿಕ್ಕಪ್ಪನಾದ ತ್ಶೆಕೆಡಿಯು ಓದನ್ನು ಅರ್ಧಕ್ಕೆ ಬಿಟ್ಟುಬಂದು ಕುಲದ ಆಡಳಿತವನ್ನು ಹೊತ್ತನು. ಈ ಚಿಕ್ಕಪ್ಪನನ್ನು ಕಥೆಯ ಖಳನೆಂದು ಎಣಿಸುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. 1933ರಲ್ಲಿ ಸೆರೋವೆಯ ಹೆಣ್ಣುಮಕ್ಕಳ ವಿಷಯದಲ್ಲಿ ದುರ್ನಡತೆಯ ಆರೋಪ ಹೊತ್ತ ಒಬ್ಬ ಬಿಳಿಯನಿಗೆ ಖೋಟ್ಲಾದಲ್ಲಿ ಛಡಿಯೇಟಿನ ಶಿಕ್ಷೆ ವಿಧಿಸಿದ ತಪ್ಪಿಗಾಗಿ ಬ್ರಿಟಿಷರು ಅಡ್ಮಿರಲ್ ಇವಾನ್ಸನ ಕೈಕೆಳಗೆ ನೌಕಾಸೈನಿಕರನ್ನು ಸಮುದ್ರವೇ ಇಲ್ಲದ ಆ ನಾಡಿಗೆ ರೈಲಿನಲ್ಲಿ ಕಳುಹಿಸಿದರು. ಅವರು ತಂದ ಫಿರಂಗಿಗಳು ಮರಳಿನಲ್ಲಿ ಹೂತುಕೊಂಡವು. ತ್ಶೆಕೆಡಿಯನ್ನು ಅಧಿಕಾರದಿಂದ ಇಳಿಸಿ, ಕೆಲವೇ ವಾರಗಳಲ್ಲಿ ಮತ್ತೆ ಕೂರಿಸಬೇಕಾಯಿತು. ಬಿಳಿಯರ ಅಹಂಕಾರಕ್ಕೆ ಬಾಗದ ಆ ಮನುಷ್ಯನೇ ಹದಿನೈದು ವರ್ಷಗಳ ಮೇಲೆ ಬಿಳಿಯ ಸೊಸೆಯನ್ನು ಒಲ್ಲೆನೆಂದನು. ಅವನ ವಾದದಲ್ಲಿ ನ್ಯಾಯವಿತ್ತು: ದೊರೆಯ ಹೆಂಡತಿಯು ಕುಲಕ್ಕೆಲ್ಲ ತಾಯಿ, ಕುಲವನ್ನು ಕೇಳದೆ ತಾಯಿಯನ್ನು ಆರಿಸುವ ಅಧಿಕಾರ ದೊರೆಗಿಲ್ಲ.

ಸೆರೆತ್ಸೆಯು 1945ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ, ಬಳಿಕ ಬ್ಯಾರಿಸ್ಟರಾಗಲೆಂದು ಲಂಡನ್ನಿನ ಇನ್ನರ್ ಟೆಂಪಲ್ ಸೇರಿದನು. ಮಿಷನರಿ ಸಂಘದವರು 1947ರಲ್ಲಿ ಏರ್ಪಡಿಸಿದ್ದ ಒಂದು ನೃತ್ಯಕೂಟದಲ್ಲಿ ರೂತ್ ವಿಲಿಯಮ್ಸ್ ಎಂಬ ಗುಮಾಸ್ತೆಯ ಪರಿಚಯವಾಯಿತು. ಯುದ್ಧಕಾಲದಲ್ಲಿ ವಾಯುಪಡೆಯ ಮಹಿಳಾದಳದಲ್ಲಿ ಆಂಬುಲೆನ್ಸ್ ಓಡಿಸಿದ್ದವಳು. ತಂದೆಯು ನಮ್ಮ ದೇಶದಲ್ಲಿ ಬ್ರಿಟಿಷ್ ಸೈನ್ಯದ ಕ್ಯಾಪ್ಟನ್ನಾಗಿದ್ದು ಆಮೇಲೆ ಚಹಾದ ವ್ಯಾಪಾರಕ್ಕೆ ಇಳಿದಿದ್ದವನು. ಇಬ್ಬರಿಗೂ ಜಾಸ್ ಸಂಗೀತವೆಂದರೆ ಪ್ರಾಣ. ಚರ್ಚಿನಲ್ಲಿ ಮದುವೆ ನಿಶ್ಚಯವಾಯಿತು. ಮಿಷನರಿಗಳು ಓಡಾಡಿ ಪಾದ್ರಿಯ ಮನಸ್ಸು ಕದಡಿದರು. ಆತನು ಲಂಡನ್ನಿನ ಬಿಷಪ್ಪನ ಕಡೆಗೆ ಕೈತೋರಿಸಿದನು. ಬಿಷಪ್ಪನು ಸರ್ಕಾರದ ಕಡೆಗೆ ಕೈತೋರಿಸಿದನು. ಧರ್ಮಪೀಠವು ಮದುವೆಗೆ ಮಂತ್ರಿಗಳ ಅಪ್ಪಣೆ ಕೇಳಿದ ಈ ವಿನೋದವಾದ ನಾಲ್ಕು ದಿನಗಳ ಮೇಲೆ, 1948ರ ಸೆಪ್ಟೆಂಬರ್ 29ರಂದು, ಕೆನ್ಸಿಂಗ್‌ಟನ್ನಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಬ್ಬರೂ ರುಜು ಹಾಕಿ ಗಂಡಹೆಂಡಿರಾದರು.

ಅಷ್ಟಕ್ಕೇ ನಿಂತು, ಆತನು ಲಂಡನ್ನಿನಲ್ಲೇ ವಕೀಲಿ ಮಾಡಿಕೊಂಡು ಇರುತ್ತೇನೆಂದಿದ್ದರೆ, ಆಕೆಯ ತಂದೆಯ ಕೋಪವನ್ನು ಬಿಟ್ಟರೆ ಬೇರೆ ವಿಘ್ನವಿರಲಿಲ್ಲ. ಆತನಾದರೋ ಊರಿಗೆ ಮರಳಲೇಬೇಕಾಗಿದ್ದವನು. ಮೊದಲು ಒಬ್ಬನೇ ಹೋದನು. ಆ ವರ್ಷದ ನವೆಂಬರಿನಲ್ಲಿ ಕೂಡಿದ ಖೋಟ್ಲಾದಲ್ಲಿ ಬಹುಮತವು ಅವನಿಗೆ ಪ್ರತಿಕೂಲವಾಗಿತ್ತು; ವರ್ಷದ ಕೊನೆಯಲ್ಲಿ ಮತ್ತೆ ಕೂಡಿದಾಗ ಮಾತಿನ ಬಿಗಿ ಸಡಿಲವಾಗಿತ್ತು. 1949ರ ಜೂನ್ ತಿಂಗಳಲ್ಲಿ ಮೂರನೆಯ ಸಲ ಸಾವಿರಾರು ಗಂಡಸರು ನೆರೆದು ಹಲವು ದಿನ ವಾದಿಸಿದರು. ಹಿರಿಯರು ಸಂಪ್ರದಾಯವನ್ನೆತ್ತಿದರು, ಕಿರಿಯರು, ಚಿಕ್ಕಪ್ಪನಿಗೆ ಗದ್ದುಗೆಯ ಮೇಲೆಯೇ ಕಣ್ಣೆಂದರು. ಕೊನೆಗೆ ಸೆರೆತ್ಸೆಯು ತಾನೇ ಎದ್ದು, ತನ್ನ ಹೆಂಡತಿಯನ್ನು ಒಲ್ಲದವರು ಎದ್ದು ನಿಲ್ಲಿರೆಂದನು. ನಲವತ್ತು ಮಂದಿ ಎದ್ದಾರು. ಒಪ್ಪುವವರು ನಿಲ್ಲಿರೆಂದನು. ಆವರಣಕ್ಕೆ ಆವರಣವೇ ಎದ್ದು ನಿಂತಿತು, ‘ಪುಲಾ! ಪುಲಾ!’ ಎಂಬ ಘೋಷ ಮೊಳಗಿತು. ಪುಲಾ ಎಂದರೆ ಮಳೆ. ಆ ಬರಡು ನೆಲದವರಿಗೆ ಜಯಕಾರಕ್ಕೂ ಆಶೀರ್ವಾದಕ್ಕೂ ಅದೊಂದೇ ಪದ. ತ್ಶೆಕೆಡಿಯು ತನ್ನ ಅನುಯಾಯಿಗಳೊಡನೆ ಊರು ಬಿಟ್ಟು ನೆರೆಯ ಕುಲದ ಸೀಮೆಗೆ ಹೋದನು. ಆಗಸ್ಟಿನಲ್ಲಿ ರೂತಳು ಸೆರೋವೆಗೆ ಬಂದಳು. ಊರಿನ ಬಿಳಿಯ ವರ್ತಕರ ಕುಟುಂಬಗಳು ಅವಳ ಕಡೆಗೆ ಮುಖ ತಿರುಗಿಸಿದವು. ಕುಲದವರು ರಾಣಿಯೆಂಬರ್ಥದ ತಮ್ಮ ಮಾತಿನಲ್ಲಿ ಅವಳನ್ನು ‘ಮೊಹುಮಗಾಡಿ’ ಎಂದು ಕರೆದರು.

ಮನೆಯ ಜಗಳ ಹೀಗೆ ಮನೆಯಲ್ಲೇ ತೀರ್ಮಾನವಾಯಿತು. ತೀರ್ಮಾನವನ್ನು ಒಪ್ಪದವರು ದೂರದಲ್ಲಿದ್ದರು. ದಕ್ಷಿಣ ಆಫ್ರಿಕದ ಒಕ್ಕೂಟದಲ್ಲಿ 1948ರ ಮೇ ತಿಂಗಳ ಚುನಾವಣೆಯಲ್ಲಿ ಗೆದ್ದುಬಂದ ಮಲಾನನ ಸರ್ಕಾರವು, ಮರುವರ್ಷವೇ ಬಿಳಿಯರು ಇತರ ವರ್ಣದವರನ್ನು ಮದುವೆಯಾಗಕೂಡದೆಂದು ಶಾಸನ ಮಾಡಿತು. ಅದರ ಗಡಿಯಾಚೆಯಲ್ಲೇ ಕರಿಯ ದೊರೆಯೊಬ್ಬನು ಬಿಳಿಯ ರಾಣಿಯೊಡನೆ ಪಟ್ಟಕ್ಕೇರುವುದನ್ನು ಅದು ಸಹಿಸುವಂತಿರಲಿಲ್ಲ. ಬ್ರಿಟನ್ನಿಗೋ, ಯುದ್ಧದಿಂದ ಬೊಕ್ಕಸ ಬರಿದಾಗಿ ದಕ್ಷಿಣ ಆಫ್ರಿಕದ ಚಿನ್ನ ಬೇಕಾಗಿತ್ತು, ಯುರೇನಿಯಮ್ಮಿನ ಮೇಲೆ ಆಸೆಯಿತ್ತು. ಬೆಚುವಾನಾಲ್ಯಾಂಡನ್ನೇ ಒಕ್ಕೂಟಕ್ಕೆ ಒಪ್ಪಿಸಿರೆಂದು ಮಲಾನನು ಹಟ ಹಿಡಿದಾನೆಂಬ ಅಂಜಿಕೆಯೂ ಇತ್ತು. ಸೆರೆತ್ಸೆಯು ಆಳಲು ಅರ್ಹನೋ ಎಂಬುದನ್ನು ವಿಚಾರಿಸಲು ನ್ಯಾಯಾಧೀಶ ಸರ್ ವಾಲ್ಟರ್ ಹ್ಯಾರಗಿನ್ನನನ್ನು ನೇಮಿಸಿದರು. ಬೆಚುವಾನಾಲ್ಯಾಂಡಿನ ಆಡಳಿತ ಕಚೇರಿಗಳಿದ್ದುದು ಗಡಿಯಾಚೆ, ದಕ್ಷಿಣ ಆಫ್ರಿಕದ ನೆಲದಲ್ಲಿದ್ದ ಮಾಫೆಕಿಂಗಿನಲ್ಲಿ. ಆ ದೇಶವು ಸೆರೆತ್ಸೆಗೆ ಪ್ರವೇಶ ನಿಷೇಧಿಸಿದ್ದುದರಿಂದ ತನ್ನ ನಾಡಿನ ರಾಜಧಾನಿಗೇ ಕಾಲಿಡಲಾರದವನ ವಿಚಾರಣೆಯನ್ನು ಗಡಿಯೊಳಗಿನ ಲೊಬಾತ್ಸೆ ಎಂಬ ಊರಿನಲ್ಲಿ ನಡೆಸಬೇಕಾಯಿತು! ವರದಿಯು ಇನ್ನೂ ಸೊಗಸು. ಸೆರೆತ್ಸೆಯು ಬುದ್ಧಿವಂತ, ವಿದ್ಯಾವಂತ, ಆಳಲು ಎಲ್ಲ ರೀತಿಯಿಂದಲೂ ಯೋಗ್ಯ, ಪ್ರಜೆಗಳೂ ಅವನನ್ನು ಬಯಸುತ್ತಾರೆ. ಆದರೆ ನೆರೆಯ ಬಿಳಿಯ ಸರ್ಕಾರಗಳಿಗೆ ಈ ಮದುವೆ ಸಹ್ಯವಲ್ಲವಾದುದರಿಂದ ಅವನು ಆಳಬಾರದು ಎಂದು ಅದರ ಸಾರ. ಇಷ್ಟು ಪ್ರಾಮಾಣಿಕವಾದ ವರದಿಯನ್ನು ಪ್ರಕಟಿಸುವುದು ಯಾವ ಸರ್ಕಾರಕ್ಕೆ ತಾನೆ ಸಾಧ್ಯ? ಅದನ್ನು ಅನೇಕ ದಶಕಗಳ ಕಾಲ ಮುಚ್ಚಿಟ್ಟರು.

ಇಲ್ಲಿ ನಮ್ಮ ನೆರೆಯ ಪುದುಕೋಟೆಯ ನೆನಪು ಬಾರದಿರದು. ಅಲ್ಲಿಯ ಮಹಾರಾಜ ಮಾರ್ತಾಂಡ ಭೈರವ ತೊಂಡೈಮಾನನು 1915ರಲ್ಲಿ ಮೆಲ್ಬರ್ನ್ ನಗರದಲ್ಲಿ ಮಾಲಿ ಫಿಂಕ್ ಎಂಬ ಆಸ್ಟ್ರೇಲಿಯದ ಯುವತಿಯನ್ನು ಮದುವೆಯಾಗಿ ಕರೆತಂದಾಗ, ಬ್ರಿಟಿಷರು ಅವಳನ್ನು ಮಹಾರಾಣಿಯೆಂದು ಮನ್ನಿಸಲಿಲ್ಲ; ಅರಮನೆಯೊಳಗೋ, ಬಸುರಿಯಾಗಿದ್ದ ಅವಳಿಗೆ ಯಾರೋ ಕಣಗಿಲೆಯ ವಿಷವಿಕ್ಕಿದರೆಂಬ ಮಾತು ಹಬ್ಬಿತು. ಕೆಲವೇ ತಿಂಗಳಲ್ಲಿ ದಂಪತಿಗಳು ನಾಡು ಬಿಟ್ಟರು. ಮಹಾರಾಜನು 1928ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಮಗನಿಗೆ ಗದ್ದುಗೆ ಸಲ್ಲಲಿಲ್ಲ. ಅದೇ 1928ರಲ್ಲಿ, ಸಿಂಹಾಸನವನ್ನು ಆಗಲೇ ತ್ಯಜಿಸಿದ್ದ ಇಂದೂರಿನ ತುಕೋಜಿರಾವ್ ಹೋಳ್ಕರನು ಅಮೆರಿಕದ ನ್ಯಾನ್ಸಿ ಮಿಲ್ಲರಳನ್ನು ವರಿಸಿದಾಗ, ಕನ್ನಡಿಗರಾದ ಶಂಕರಾಚಾರ್ಯ ಡಾ. ಕುರ್ತಕೋಟಿಯವರು ಅವಳಿಗೆ ಹಿಂದೂಧರ್ಮದ ದೀಕ್ಷೆ ಕೊಟ್ಟರು, ಅವಳು ಶರ್ಮಿಷ್ಠಾದೇವಿಯಾದಳು. ಒಂದೆಡೆ ಬೇಕಾದುದು ವೈಸರಾಯರ ಒಪ್ಪಿಗೆ, ಇನ್ನೊಂದೆಡೆ ಆಚಾರ್ಯರ ಅನುಗ್ರಹ. ಪ್ರಜೆಗಳನ್ನು ಒಂದು ಮೈದಾನದಲ್ಲಿ ಕೂರಿಸಿ ‘ನಿಮಗೆ ಒಪ್ಪಿಗೆಯೇ?’ ಎಂದು ಕೇಳಬೇಕೆಂದು ನಮ್ಮ ಈ ಎರಡು ಸಂಸ್ಥಾನಗಳಲ್ಲಿ ಯಾರಿಗೂ ತೋರಲಿಲ್ಲ.

1950ರ ಆರಂಭದಲ್ಲಿ ಮಾತುಕತೆಗೆಂದು ಸೆರೆತ್ಸೆಯನ್ನು ಲಂಡನ್ನಿಗೆ ಕರೆಸಿಕೊಂಡರು. ರೂತಳು ಗರ್ಭಿಣಿ, ತಾನೂ ಹೊರಟರೆ ಮತ್ತೆ ಒಳಗೆ ಬಿಡಲಾರರೆಂದು ಶಂಕಿಸಿ ಸೆರೋವೆಯಲ್ಲೇ ಉಳಿದಳು. ಶಂಕೆ ಸುಳ್ಳಾಗಲಿಲ್ಲ. ವರ್ಷಕ್ಕೆ 1,100 ಪೌಂಡು ಕೊಡುತ್ತೇವೆ, ದೊರೆತನ ಬಿಟ್ಟು ಇಂಗ್ಲೆಂಡಿನಲ್ಲಿರು ಎಂದರು ಮಂತ್ರಿಗಳು. ಒಲ್ಲೆನೆಂದಾಗ ಐದು ವರ್ಷ ಸ್ವದೇಶಕ್ಕೆ ಕಾಲಿಡಬಾರದೆಂದು ಆಜ್ಞಾಪಿಸಿದರು. ಕುಲವನ್ನೂ ತನ್ನನ್ನೂ ವಂಚಿಸಿದರೆಂದು ಆತನು ಹೆಂಡತಿಗೆ ತಂತಿ ಕೊಟ್ಟನು. ಆಜ್ಞೆಯನ್ನು ಪ್ರಜೆಗಳಿಗೆ ವಿವರಿಸಲೆಂದು ಹೈಕಮಿಷನರ್ ಸರ್ ಎವೆಲಿನ್ ಬೇರಿಂಗನು ಮಾರ್ಚ್ ತಿಂಗಳಲ್ಲಿ ಸ್ವತಃ ಸೆರೋವೆಗೆ ಬಂದು ಖೋಟ್ಲಾ ಕರೆದನು. ಹಿಂದಿನ ಜೂನಿನಲ್ಲಿ ಸಾವಿರಗಟ್ಟಲೆ ಜನ ಎದ್ದು ನಿಂತಿದ್ದ ಅದೇ ಆವರಣ ಈಗ ಬರಿದಾಗಿತ್ತು; ಕುಲದವರು ಒಬ್ಬರೂ ಬರಲಿಲ್ಲ. ಸಾಮ್ರಾಜ್ಯದ ಪ್ರತಿನಿಧಿಯು ಹೇಳಬೇಕೆಂದು ತಂದ ಮಾತನ್ನು ಗೂಟಗಳಿಗೆ ಹೇಳುವಂತಿರಲಿಲ್ಲವಾಗಿ ಹಾಗೆಯೇ ಹಿಂದಿರುಗಿದನು. ಬೈಗುಳವಿಲ್ಲ, ಕಲ್ಲೇಟಿಲ್ಲ, ಕೇಳುವವರಿಲ್ಲದ ಮಾತು ಆಜ್ಞೆಯಾಗದೆಂಬುದನ್ನು ಆ ಜನರು ಚೆನ್ನಾಗಿ ಬಲ್ಲರು. ಕಲ್ಲುಗಳ ಸರದಿ ಎರಡು ವರ್ಷಗಳ ಮೇಲೆ ಬಂತು. ಗಡಿಪಾರು ಶಾಶ್ವತವೆಂದು ಹೊಸದಾಗಿ ಬಂದ ಕನ್ಸರ್ವೆಟಿವ್ ಸರ್ಕಾರವು 1952ರಲ್ಲಿ ಸಾರಿದಾಗ, ಹೆಂಗಸರೂ ಕೂಡಿಕೊಂಡು ನಡೆದ ದಂಗೆಯಲ್ಲಿ ಮೂವರು ಪೊಲೀಸರು ಸತ್ತರು. ಲೇಬರ್ ಪಕ್ಷದವರು ಗಡಿಪಾರು ಮಾಡಿದಾಗ ವಿರೋಧಪಕ್ಷದಲ್ಲಿ ಕೂತು ಇದು ಮಾನಗೇಡಿನ ಕೆಲಸವೆಂದು ಗರ್ಜಿಸಿದ್ದ ಚರ್ಚಿಲ್ಲನೇ ಈಗ ಪ್ರಧಾನಿಯಾಗಿದ್ದನು.

ಅತ್ತ ರೂತಳು 1950ರ ಮೇ ತಿಂಗಳಲ್ಲಿ ಬೆಚುವಾನಾಲ್ಯಾಂಡಿನಲ್ಲೇ ಹೆಣ್ಣುಮಗುವನ್ನು ಹೆತ್ತು, ತಾತ್ಕಾಲಿಕವಾಗಿ ಬಂದುಹೋಗಲು ಅಪ್ಪಣೆ ಪಡೆದಿದ್ದ ಗಂಡನೊಡನೆ ಆಗಸ್ಟಿನಲ್ಲಿ ಇಂಗ್ಲೆಂಡಿಗೆ ಹೊರಟಳು. ಲಂಡನ್ನಿನ ಹೊರವಲಯದ ಕ್ರಾಯ್ಡನ್ನಿನಲ್ಲಿ ಸಂಸಾರ, ಜಮೈಕಾದಲ್ಲೊಂದು ನೌಕರಿ ಕೊಡುತ್ತೇವೆಂದು ಸರ್ಕಾರದ ಆಮಿಷ, ಸೆರೆತ್ಸೆಯ ನಿರಾಕರಣೆ. ಮಾವನ ಮನೆಯ ಹೊಸ್ತಿಲಲ್ಲಿ ಜಯಿಸಿದ ಸೊಸೆಯು, ಗಂಡನಿಗಾಗಿ ತನ್ನ ತವರುನಾಡಿನಲ್ಲೇ ದೇಶಭ್ರಷ್ಟಳಂತೆ ಬಾಳಿದಳು. ಆ ಐದಾರು ವರ್ಷಗಳಲ್ಲಿ ಬಾಮಾಂಗ್ವಾಟೊ ಜನರು ಬೇರೊಬ್ಬ ದೊರೆಯನ್ನು ಆರಿಸಲು ಒಪ್ಪಲೇ ಇಲ್ಲ. ತ್ಶೆಕೆಡಿಗೂ ಬ್ರಿಟಿಷರು ಕುಲದ ಸೀಮೆಗೆ ಪ್ರವೇಶ ನಿಷೇಧಿಸಿದ್ದರು. ಒಂದೇ ಪೆಟ್ಟು ತಿಂದ ಚಿಕ್ಕಪ್ಪನೂ ಮಗನೂ ಮೆಲ್ಲಮೆಲ್ಲನೆ ಹತ್ತಿರವಾದರು. 1956ರಲ್ಲಿ ಇಬ್ಬರೂ ಕೂಡಿ, ದೊರೆತನದ ಮೇಲಿನ ಹಕ್ಕನ್ನು ತಮಗೂ ತಮ್ಮ ಮಕ್ಕಳಿಗೂ ಬೇಡವೆಂದು ಬರೆದುಕೊಟ್ಟ ಮೇಲೆ, ಸೆರೆತ್ಸೆಯು ಸಾಮಾನ್ಯ ಪ್ರಜೆಯಾಗಿ ಆ ಅಕ್ಟೋಬರಿನಲ್ಲಿ ಸೆರೋವೆಗೆ ಬಂದನು. ಹೆಂಡತಿ ಮಕ್ಕಳು ಹಿಂದೆಯೇ ಬಂದರು.

ದನಗಳನ್ನು ಸಾಕಿ ಬಾಳೋಣವೆಂದುಕೊಂಡನು. ಅದು ಅಷ್ಟಾಗಿ ಕೈಹತ್ತಲಿಲ್ಲ. ಕೆಲವು ವರ್ಷಗಳ ಮೇಲೆ ರಾಜಕೀಯ ಪಕ್ಷವೊಂದನ್ನು ಕಟ್ಟಿ, 1965ರ ಚುನಾವಣೆಯಲ್ಲಿ ಗೆದ್ದನು. 1966ರ ಸೆಪ್ಟೆಂಬರ್ 30ರಂದು, ಕೆನ್ಸಿಂಗ್‌ಟನ್ನಿನ ರುಜುವಿಗೆ ಹದಿನೆಂಟು ವರ್ಷ ತುಂಬಿದ ಮರುದಿನ, ಬೆಚುವಾನಾಲ್ಯಾಂಡು ಬೋಟ್ಸ್‌ವಾನಾ ಎಂಬ ಸ್ವತಂತ್ರ ರಾಷ್ಟ್ರವಾಗಿ ಸೆರೆತ್ಸೆ ಖಾಮನು ಅದರ ಮೊದಲ ಅಧ್ಯಕ್ಷನಾದನು. ದೀರ್ಘ ಕ್ಷಾಮದಿಂದ ಬಳಲಿದ್ದ ಬಡರಾಜ್ಯವದು. ಗಡಿಯಾಚೆಯ ಮಾಫೆಕಿಂಗನ್ನು ಬಿಟ್ಟು ಗಾಬೊರೋನಿನಲ್ಲಿ ರಾಜಧಾನಿಯನ್ನೇ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. 1967ರಲ್ಲಿ ಒರಾಪಾದಲ್ಲಿ ವಜ್ರದ ಗಣಿ ಸಿಕ್ಕಿತು. ಸಿಕ್ಕಿದ್ದು ಬಾಮಾಂಗ್ವಾಟೊ ಸೀಮೆಯ ನೆಲದಲ್ಲಿ. ಖನಿಜದ ಹಕ್ಕು ಕುಲಗಳದಲ್ಲ, ರಾಷ್ಟ್ರದ್ದು ಎಂಬ ಶಾಸನವನ್ನು ಮಾಡಿಸಿದವನೂ ಸೆರೆತ್ಸೆಯೇ. ಆ ದೇಶವು 1976ರಲ್ಲಿ ಸ್ವಂತ ನಾಣ್ಯವನ್ನು ಚಲಾವಣೆಗೆ ತಂದಾಗ ಅದಕ್ಕಿಟ್ಟ ಹೆಸರು ಪುಲಾ.

ಸೆರೆತ್ಸೆಯು 1980ರ ಜುಲೈ ತಿಂಗಳಲ್ಲಿ ತೀರಿಕೊಂಡನು. ರೂತಳು ಆ ಬಳಿಕ ಇಂಗ್ಲೆಂಡಿಗೆ ಮರಳಿಹೋಗಬಹುದಾಗಿತ್ತು, ಹೋಗಲಿಲ್ಲ. 2002ರಲ್ಲಿ ಅವಳು ಮಡಿದಾಗ, ಸೆರೋವೆಯ ಬೆಟ್ಟದ ಮೇಲೆ, ಮೂರನೆಯ ಖಾಮನ ಗೋರಿಯ ಮೇಲಿನ ಕಂಚಿನ ಪುಟ್ಟ ಚಿಗರಿಯು ಕಾಯುತ್ತಿರುವ ಅರಸುಮನೆತನದ ರುದ್ರಭೂಮಿಯಲ್ಲಿ, ಗಂಡನ ಮಗ್ಗುಲಲ್ಲೇ ಅವಳನ್ನು ಹೂಳಿದರು. 1958ರಲ್ಲಿ ಅವಳಿಗೆ ಅವಳಿ ಗಂಡುಮಕ್ಕಳು ಹುಟ್ಟಿದ್ದರು. ಒಬ್ಬನಿಗೆ, ಲಂಡನ್ನಿನ ಪಾರ್ಲಿಮೆಂಟಿನಲ್ಲಿ ತಮ್ಮ ಪರವಾಗಿ ನಿಂತ ಸ್ನೇಹಿತ ಆಂಥೊನಿ ವೆಜ್‌ವುಡ್ ಬೆನ್ನನ ಹೆಸರನ್ನಿಟ್ಟರು. ಇನ್ನೊಬ್ಬನಿಗೆ ಇಟ್ಟ ಹೆಸರು ತ್ಶೆಕೆಡಿ.